ಮುಂಗಡ ಸಂತಾಪ

ಕಳೆದ ತಿಂಗಳು ಮುಂಬೈ ಬಾಂದ್ರಾದ ಒಂದು ಆಸ್ಪತ್ರೆಯಲ್ಲಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಮಲಗಿದ್ದ ಎಂಬತ್ತೆರಡರ ಹಿರಿಯರೊಬ್ಬರು ನನ್ನನ್ನು ಹತ್ತಿರ ಕರೆದು ಹೇಳಿದರು: "ಮಾಷ್ಟ್ರೆ, ನನ್ನ ಸಂತಾಪ ಸಭೆಯಲ್ಲಿ ನೀವು ಮಾಡ್ಲಿಕ್ಕಿರುವ ಭಾಷಣ ಈಗಲೇ ಒಮ್ಮೆ ಹೇಳಿ ನೋಡುವ."

ನಾನು ನಕ್ಕೆ. ಅವರು ನಗಲಿಲ್ಲ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಯಾರೇ ತೀರಿಕೊಂಡರೂ ಕಾರ್ಯದರ್ಶಿ ಮೊದಲು ಫೋನ್ ಮಾಡುವುದು ಹೂವಿನವನಿಗೆ, ಆಮೇಲೆ ನನಗೆ. (ಹೂವಿನವನು ಕೆಲವೊಮ್ಮೆ ಕೈಕೊಡುತ್ತಾನೆ. ನಾನು ಈವರೆಗೆ ಕೊಟ್ಟಿಲ್ಲ.) ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆದವನು. ಗಂಟಲು ಚೆನ್ನಾಗಿದೆ, ಸಮಯ ಬೇಕಾದಷ್ಟಿದೆ. ಸತ್ತವರ ಬಗ್ಗೆ ಹದಿನೈದು ನಿಮಿಷ ಮಾತಾಡಲು ಇಷ್ಟು ಸಾಲದೇ?

ಭಾಷಣ ಒಂದೇ, ಹೆಸರು ಮಾತ್ರ ಬೇರೆ. ಒಮ್ಮೆ ಹೆಸರೂ ತಪ್ಪಿಹೋಗಿ, ತೀರಿಕೊಂಡ ತಮ್ಮನ ಬದಲು ಸಭೆಯಲ್ಲಿ ಕೂತಿದ್ದ ಅಣ್ಣನ ಆತ್ಮಕ್ಕೆ ಚಿರಶಾಂತಿ ಕೋರಿದ್ದೆ. ಪಾಪ, ಅವರು ಎದ್ದು ಕೈಮುಗಿದರು.

ಈ ಭಾಷಣದ ಕೊನೆಗೊಂದು ಪ್ಯಾರಾ ಇದೆ. ಅಲ್ಲಿಗೆ ಬರುವಾಗ ದನಿ ತಗ್ಗಿಸುತ್ತೇನೆ. "ಸಾವಿಗೆ ಹೆದರಬಾರದು. ಯಂತ್ರಗಳ ನಡುವೆ ಅಲ್ಲ, ತನ್ನ ಮನೆಯಲ್ಲಿ, ತನ್ನವರ ಕೈ ಹಿಡಿದುಕೊಂಡು ಹೊರಡುವುದೇ ಪುಣ್ಯ." ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಕಾಫಿ.

ಹಾಸಿಗೆಯಲ್ಲಿದ್ದ ಜಗನ್ನಾಥಣ್ಣ ಇದನ್ನು ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಉಡುಪಿ ಕಡೆಯವರು, ಮಾಟುಂಗ ಸ್ಟೇಷನ್ ಹತ್ತಿರ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಶ್ವಾಸಕೋಶ ಕೆಟ್ಟು ಎರಡು ವರ್ಷವಾಗಿತ್ತು. ಆಸ್ಪತ್ರೆ ಸೇರಿದ್ದು ಇದು ನಾಲ್ಕನೇ ಸಲ.

"ಹೇಳಿ, ಹೇಳಿ. ಎಂತ ನಾಚಿಕೆ?" ಎಂದರು.

ಬಿಡುವ ಹಾಗೆ ಕಾಣಲಿಲ್ಲ. ಪಕ್ಕದ ಬೆಡ್‌ನವರಿಗೆ ಕೇಳಿಸದಂತೆ ಶುರು ಮಾಡಿದೆ. "ಜಗನ್ನಾಥಣ್ಣನವರು ಅಜಾತಶತ್ರು..."

"ಯಾರು ಹೇಳಿದ್ದು? ಎದುರಿನ ಹೋಟೆಲಿನವ ಮತ್ತೆ ಎಂತ ನನಗೆ? ಮೂವತ್ತು ವರ್ಷ ಆಯ್ತು ಮಾತು ಬಿಟ್ಟು. ಅದನ್ನು ಹೇಳಿ."

"ಸದಾ ಹಸನ್ಮುಖಿ..."

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಟೆಲ್ ಬಾಗಿಲು ತೆಗೆಯುವವ ನಗ್ತಾನಾ ಮಾರಾಯ್ರೆ?"

ಸೋತು, ನೇರವಾಗಿ ಕೊನೆಯ ಪ್ಯಾರಾಕ್ಕೆ ಹಾರಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಬಂತೇನೋ ಅಂದುಕೊಂಡೆ. (ಸಭೆಯಲ್ಲೂ ಕೆಲವರಿಗೆ ಅಲ್ಲಿಯೇ ಬರುವುದು.)

"ಇದು ನಿಮಗೆ ನಿಜ ಅಂತ ಉಂಟಾ, ಇಲ್ಲ ಸುಮ್ಮನೆ ಹೇಳುವುದಾ?" ಎಂದರು.

"ನಿಜವೇ, ಜಗನ್ನಾಥಣ್ಣ."

"ಹಾಗಾದ್ರೆ ನನ್ನ ಪ್ರಸಾದನಿಗೆ ಹೇಳಿ. ಉಸಿರು ಇನ್ನೂ ಕಷ್ಟ ಆದ್ರೆ ಗಂಟಲಿಗೆ ಪೈಪ್ ಹಾಕಿ ಮಷಿನಿಗೆ ಕೊಡ್ತಾರಂತೆ. ನನಗೆ ಅದು ಬೇಡ. ಡಾಕ್ಟರಿಗೂ ಹೇಳಿದ್ದೇನೆ. ನನಗೆ ಮನೆಗೆ ಹೋಗ್ಬೇಕು. ಅಷ್ಟು ಹೇಳಿದ್ರೆ ಇವ ಅಳ್ತಾನೆ. ನಿಮ್ಮ ಮಾತಾದ್ರೆ ಕೇಳ್ತಾನೆ. ನಾನು ಸತ್ತ ಮೇಲೆ ಅವ ಆ ಭಾಷಣ ಕೇಳಿ ಎಂತ ಪ್ರಯೋಜನ?"

ಸುಲಭದ ಕೆಲಸ, ಅಲ್ಲವೇ? ನೂರು ಜನರ ಮುಂದೆ ಹೇಳಿದ್ದನ್ನು ಒಬ್ಬನ ಮುಂದೆ ಹೇಳುವುದು. ಎದೆಯುಬ್ಬಿಸಿಕೊಂಡು ಕಾರಿಡಾರಿಗೆ ಬಂದೆ.

ಪ್ರಸಾದ ಅವರ ಒಬ್ಬನೇ ಮಗ. ಸಯನ್‌ನಲ್ಲಿ ಹುಟ್ಟಿ ಬೆಳೆದವನು, ಐವತ್ತರ ಹತ್ತಿರದವನು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೊರಟರೆ ತಡವರಿಸುತ್ತಾನೆ. ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ಅಂಕಲ್, ಪಪ್ಪಾ ಮನೆಗೆ ಹೋಗ್ಬೇಕು ಬೋಲ್ತೇ ಹೈ. ಡಾಕ್ಟರ್ ಕೇಳಿದ್ರೆ ಡಿಸಿಷನ್ ಫ್ಯಾಮಿಲಿದು ಅಂತಾರೆ. ನಾನು ಹೇಗೆ ಸೈನ್ ಮಾಡೋದು? ಕಲ್ ಲೋಗ್ ಬೋಲೇಂಗೆ, ಮಗನೇ ಟ್ರೀಟ್‌ಮೆಂಟ್ ಬಂದ್ ಮಾಡ್ಸಿದ ಅಂತ. ನೀವೇ ಹೇಳಿ, ಕ್ಯಾ ಕರೂಂ?"

ಸಂಘದ ಆಸ್ಥಾನ ವಾಗ್ಮಿ ಬಾಯಿ ತೆರೆದ. ಹೊರಬಂದದ್ದು ಇಷ್ಟೇ: "ಡಾಕ್ಟರು ಹೇಳಿದ ಹಾಗೆ ಮಾಡಪ್ಪ."

ಗಮನಿಸಿ. ಡಾಕ್ಟರು ಮನೆಯವರನ್ನು ಕೇಳಿ ಅಂದಿದ್ದರು. ಮನೆಯವನು ನನ್ನನ್ನು ಕೇಳಿದ. ನಾನು ಅವನನ್ನು ವಾಪಸ್ ಡಾಕ್ಟರ ಹತ್ತಿರ ಕಳಿಸಿದೆ. ಸರಕಾರಿ ಆಫೀಸಿನ ಫೈಲು ಕೂಡ ಇಷ್ಟು ಬೇಗ ಸುತ್ತುವುದಿಲ್ಲ.

ಜಗನ್ನಾಥಣ್ಣನಿಗೆ ಮುಖ ತೋರಿಸದೆ ಲಿಫ್ಟ್ ಇಳಿದೆ. ಸಯನ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದರ ಜೊತೆಗೇ ಒಳ್ಳೊಳ್ಳೆಯ ವಾಕ್ಯಗಳೂ ಬಂದವು. ಹೇಳಬೇಕಾದ್ದು ಹೊಳೆಯುವುದು ಯಾವಾಗಲೂ ಬಸ್ಸು ಹತ್ತಿದ ಮೇಲೆಯೇ ಯಾಕೆ? ಮನೆಗೆ ಬಂದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ಮಾಷ್ಟರ ಬುದ್ಧಿ. ಅಂಡರ್‌ಲೈನ್ ಕೂಡ ಹಾಕಿದೆ.

ಮರುದಿನ ಬೆಳಿಗ್ಗೆ ಅದೇ ಕಾರಿಡಾರ್. ಪ್ರಸಾದನನ್ನು ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಏರಿಸಿ ಓದತೊಡಗಿದೆ. "ಹುಟ್ಟಿದವನಿಗೆ ಮರಣ ತಪ್ಪಿದ್ದಲ್ಲ. ನಿನ್ನ ತಂದೆಯವರು ಸಾರ್ಥಕ ಬಾಳನ್ನು..."

ಅವನು ಹಾಳೆಯ ಮೇಲೆ ಕೈಯಿಟ್ಟ. "ಅಂಕಲ್. ಪಪ್ಪಾ ಅಭೀ ಜಿಂದಾ ಹೈ."

ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿ ಬಿಸಿಯಾಗುವಂಥದ್ದು. ಅಪ್ಪ ಇನ್ನೂ ಬದುಕಿರುವಾಗಲೇ ಮಗನಿಗೆ ಸಂತಾಪ ಸೂಚಿಸುತ್ತಿದ್ದೆ.

ಹಾಳೆ ಜೇಬಿಗೆ ಹಾಕಿದೆ. ಇನ್ನು ಉಳಿದದ್ದು ನನ್ನ ಹಿಂದಿ. ಐವತ್ತು ವರ್ಷ ಮುಂಬೈಯಲ್ಲಿದ್ದೂ ನನ್ನ ಹಿಂದಿ ತರಕಾರಿ ಕೊಳ್ಳುವುದಕ್ಕಿಂತ ಮುಂದೆ ಹೋಗಿಲ್ಲ. ಅದರಲ್ಲಿ ಅಲಂಕಾರ ಮಾಡಲು ಬರುವುದಿಲ್ಲ, ಲಿಂಗ ವಚನಗಳೇ ಸರಿಯಿಲ್ಲ. ಆ ಹಿಂದಿಯಲ್ಲೇ ಹೇಳಿದೆ: "ಪ್ರಸಾದ್, ಪಪ್ಪಾ ನಹೀ ಡರ್ತಾ. ಹಮ್ ಡರ್ತಾ. ತುಮ್ ಭೀ, ಮೈ ಭೀ. ಪಪ್ಪಾ ಕೋ ಘರ್ ಲೇಕೆ ಜಾವೋ. ಲೋಗ್ ಪೂಛೇಗಾ ತೋ ಮೇರಾ ನಾಮ್ ಬೋಲೋ."

ಹೆದರುವುದು ಅಪ್ಪನಲ್ಲ, ನಾವಿಬ್ಬರು; ಅವರನ್ನು ಮನೆಗೆ ಕರೆದುಕೊಂಡು ಹೋಗು, ಜನ ಕೇಳಿದರೆ ನನ್ನ ಹೆಸರು ಹೇಳು! ಇದನ್ನು ಹೇಳಿದವನು ನಾನೇ ಎಂದು ಈಗಲೂ ನಂಬಿಕೆ ಬರುತ್ತಿಲ್ಲ.

ಪ್ರಸಾದ ನನ್ನ ಭುಜಕ್ಕೆ ಒರಗಿ ಅತ್ತ. ಚಿಕ್ಕ ಮಕ್ಕಳ ಹಾಗೆ, ಶಬ್ದ ಮಾಡಿ. ನನಗೂ ಅಳು ಬಂತು. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ನಮಗಿಂತ ಸಮಾಧಾನದಿಂದ ಮಾತಾಡಿದರು. ಮನೆಯಲ್ಲಿ ಆಕ್ಸಿಜನ್ ಮಷಿನ್ ಇಡಬಹುದು, ಉಸಿರಿನ ಸಂಕಟಕ್ಕೆ ಔಷಧಿ ಇದೆ, ನರ್ಸ್ ದಿನಾ ಬಂದು ನೋಡುತ್ತಾರೆ ಎಂದರು. ಎರಡು ದಿನ ಬಿಟ್ಟು ಜಗನ್ನಾಥಣ್ಣ ಸಯನ್‌ನ ತಮ್ಮ ಮನೆಗೆ ಬಂದರು.

ಮೊನ್ನೆ ಭಾನುವಾರ ನೋಡಲು ಹೋಗಿದ್ದೆ. ಗುಣವಾಗಿಲ್ಲ, ಆಗುವುದೂ ಇಲ್ಲ. ಅದು ಅವರಿಗೆ ಗೊತ್ತು, ಈಗ ಪ್ರಸಾದನಿಗೂ ಗೊತ್ತು. ಮಗ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ, ಉಪ್ಪು ಕಡಿಮೆ ಎಂದು ಅಪ್ಪ ಬಯ್ಯುತ್ತಿದ್ದರು. ನೋಡಿ ಸಂತೋಷವಾಯಿತು. ನನ್ನ ಸಾಧನೆಯ ಬಗ್ಗೆ ಸ್ವಲ್ಪ ಬೀಗಿದೆ ಕೂಡ.

ಮಗ ಗಂಜಿಯ ಬಟ್ಟಲು ಒಳಗೆ ಒಯ್ದಾಗ ಜಗನ್ನಾಥಣ್ಣ ನನ್ನತ್ತ ತಿರುಗಿದರು. "ಮಾಷ್ಟ್ರೆ, ನಿಮ್ಮದು ಎಂತ? ಪೈಪ್ ಬೇಕಾ ಬೇಡವಾ? ಮಗಳಿಗೆ ಹೇಳಿದ್ದೀರಾ?"

"ಬಿಡ್ತು ಅನ್ನಿ, ಜಗನ್ನಾಥಣ್ಣ! ನನಗಿನ್ನೂ ಅರವತ್ತೆಂಟು!"

ಬಾಯಿಂದ ಹಾರಿಯೇ ಹೋಯಿತು. ಅವರು ನಗತೊಡಗಿದರು. ನಗು ಕೆಮ್ಮಾಯಿತು, ಪ್ರಸಾದ ಓಡಿ ಬಂದು ನನ್ನನ್ನು ದುರುಗುಟ್ಟಿ ನೋಡಿದ. ಕೆಮ್ಮು ನಿಂತ ಮೇಲೆ ಅವರು ಎರಡೇ ಮಾತು ಹೇಳಿದರು. "ಇವತ್ತೇ ಹೇಳಿ."

ಆಗಲಿ ಎಂದು ಬಂದೆ. ಮಗಳು ಥಾಣೆಯಲ್ಲಿದ್ದಾಳೆ, ದಿನ ಬಿಟ್ಟು ದಿನ ಫೋನ್ ಮಾಡುತ್ತಾಳೆ. ನಿನ್ನೆ ಧೈರ್ಯ ಮಾಡಿ "ಒಂದು ವಿಷಯ ಹೇಳಬೇಕಿತ್ತಮ್ಮ" ಎಂದೆ. "ಏನಪ್ಪಾ?" ಎಂದಳು. "ಆ್ಯಪ್‌ನಲ್ಲಿ ಗ್ಯಾಸ್ ಬುಕ್ ಮಾಡುವುದು ಹೇಗೆ?" ಎಂದು ಕೇಳಿದೆ. ಪಾಪ, ಹತ್ತು ನಿಮಿಷ ಕೂತು ವಿವರಿಸಿದಳು.

ಅದಕ್ಕೇ ಇಲ್ಲಿ, ನಿಮ್ಮೆಲ್ಲರ ಎದುರು ಬರೆದುಬಿಡುತ್ತೇನೆ. ನನಗೂ ಪೈಪ್ ಬೇಡ. ಗುಣವಾಗುವ ಹಾಗಿಲ್ಲ ಎಂದಾದರೆ ನನ್ನನ್ನು ಮನೆಗೆ ಕರೆತನ್ನಿ. ಇಷ್ಟು ಧೈರ್ಯ ಒಮ್ಮೆಲೇ ಎಲ್ಲಿಂದ ಬಂತು ಎನ್ನುತ್ತೀರಾ?

ಈ ಕನ್ನಡ ಮಾಷ್ಟರ ಮಗಳಿಗೆ ಕನ್ನಡ ಓದಲು ಬರುವುದಿಲ್ಲ.