ಪೂಜೆಗೆ ಕೂತ ಗಿಟಾರು

ಶನಿವಾರ ಬೆಳಿಗ್ಗೆ ಏಳಕ್ಕೆ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಿಂದ ಹೊರಟೆವು. ಹೊರಗೆ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸ್ವೆಟರಿನ ಮೇಲೊಂದು ಜಾಕೆಟ್ ಬೇಡುವ ಚಳಿ. ಅಂದು ಆಯುಧಪೂಜೆ, ನಮ್ಮ ಗದಗಿನ ಕಡೆ ಅದನ್ನು ಖಂಡೇಪೂಜೆ ಎನ್ನುತ್ತೇವೆ. ವ್ಯಾನಿನ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆವು. ನಾನು ರಿವರ್ಸ್ ತೆಗೆದಾಗ ಅವು ಪಚಕ್ಕನೆ ಒಡೆದವು. ಎದುರುಮನೆಯವರು ನಾಯಿಯನ್ನು ಹಿಡಿದುಕೊಂಡು ನೋಡುತ್ತ ನಿಂತಿದ್ದರು. ವರ್ಷವರ್ಷವೂ ನೋಡುತ್ತಾರೆ, ಯಾಕೆಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಬೀದಿಯ ತಿರುವಿನಲ್ಲಿ ಒಂದು ಲೋಕಸ್ಟ್ ಮರವಿದೆ. ಎಲೆ ಥೇಟು ಬನ್ನಿಯ ಎಲೆಯಂತೆ ಚಿಕ್ಕಚಿಕ್ಕದು. ಇಲ್ಲಿ ಬನ್ನಿಗಿಡ ಸಿಗದ್ದರಿಂದ ಪ್ರತಿ ದಸರೆಗೆ ನಾವು ಅದರ ಎಲೆಯನ್ನೇ ಕಿತ್ತು ಒಬ್ಬರಿಗೊಬ್ಬರು ಕೊಡುತ್ತೇವೆ. ಊರಿನ ಬನ್ನಿ ಹಸಿರಾಗಿದ್ದೂ ಬಂಗಾರ ಎನಿಸಿಕೊಳ್ಳುತ್ತದೆ. ಇದು ಅಕ್ಟೋಬರಿನಲ್ಲಿ ನಿಜವಾಗಿಯೂ ಹಳದಿಯಾಗಿ ನಿಂತಿರುತ್ತದೆ.

ವ್ಯಾನಿನಲ್ಲಿ ನಾವು ನಾಲ್ವರು. ನಾನು, ನನ್ನ ಹೆಂಡತಿ ಗಿರಿಜಾ, ಆ್ಯನ್ ಆರ್ಬರ್‌ನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರುವ ಮಗಳು ಮೇಘನಾ, ಮತ್ತು ಅದ್ರಿಯಾನ್ ಎಂಬ ಇಪ್ಪತ್ತೊಂದು ವರ್ಷದ ಹಾಡುಗಾರ. ಗಿರಿಜಾ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು, ಆಮೇಲೆ ಮರೆಯದೆ ಎಬ್ಬಿಸುವುದು ಅವಳ ಕೆಲಸ. ಅಂಥವಳು ಅಂದು ಏನನ್ನು ಮರೆತಳು ಎಂಬುದೇ ಈ ಪ್ರಯಾಣದ ಕಥೆ.

ಅದ್ರಿಯಾನ್ ಡೆಟ್ರಾಯಿಟ್‌ನ ನೈಋತ್ಯ ಭಾಗದವನು. ಅವನ ತಂದೆ ಮೆಕ್ಸಿಕೋದಿಂದ ಬಂದು ಮನೆಗಳ ಛಾವಣಿ ಹಾಕುವ ಕೆಲಸ ಹಿಡಿದವರು. ಎರಡು ವರ್ಷದ ಕೆಳಗೆ ಆಲಿಕಲ್ಲು ಬಿದ್ದು ನಮ್ಮ ಛಾವಣಿ ಹಾಳಾದಾಗ ತಂದೆ ಮಗ ಇಬ್ಬರೂ ಬಂದಿದ್ದರು. ಮೇಘನಾ ಬೇಸ್‌ಮೆಂಟಿನಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದಳು. ಅದು ಆಳೆತ್ತರದ ಪಿಟೀಲು. ಶಾಲೆಯ ಆರ್ಕೆಸ್ಟ್ರಾದಲ್ಲಿ ಕಲಿತದ್ದು. ಊಟದ ಹೊತ್ತಿಗೆ ಅದ್ರಿಯಾನ್ ಬಾಗಿಲು ತಟ್ಟಿ, ಕಮಾನು ಬಿಟ್ಟು ಬೆರಳಿನಿಂದ ಮೀಟಿದರೆ ಅದು ತನ್ನ ಹಾಡಿಗೆ ಸರಿಹೊಂದುತ್ತದೆ ಎಂದ. ಛಾವಣಿ ಮುಗಿಯುವಷ್ಟರಲ್ಲಿ ಇವರ ತಂಡ ಶುರುವಾಗಿತ್ತು.

ಹಾಡುಗಳನ್ನು ಅವನೇ ಬರೆಯುತ್ತಾನೆ. ಗಿಟಾರು, ಅಕಾರ್ಡಿಯನ್, ಬೇಸ್ ಇಟ್ಟುಕೊಂಡು ಕಥೆ ಹೇಳುವ ಮೆಕ್ಸಿಕೋದ ಹಳ್ಳಿಯ ಧಾಟಿ. ಹೊಸ ಹುಡುಗರ ಬಾಯಲ್ಲಿ ಈಗ ಎಲ್ಲೆಡೆ ಕೇಳಿಬರುತ್ತಿದೆ. ತಾನು ಹಾಕಿದ ನೂರು ಛಾವಣಿಗಳಲ್ಲಿ ಒಂದರ ಕೆಳಗೂ ಕೂತು ಉಣ್ಣದ ಅಪ್ಪನ ಮೇಲೆ ಒಂದು ಹಾಡು ಕಟ್ಟಿ, ಅವನು ತನ್ನ ಗ್ಯಾರೇಜಿನಲ್ಲಿ ತಂಡದೊಂದಿಗೆ ಹಾಡಿ, ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ. ಮೊದಲು ನೆಂಟರು ನೋಡಿದರು, ಆಮೇಲೆ ಊರು ನೋಡಿತು, ಆಮೇಲೆ ಟೆಕ್ಸಾಸಿನಲ್ಲಿ ಯಾರದೋ ಮದುವೆಯಲ್ಲಿ ಹಾಡಿದರಂತೆ. ಈಗ ಒಬ್ಬ ಹೆಸರಾಂತ ಗಾಯಕ ಶಿಕಾಗೋ ಬಳಿಯ ಅರೋರಾದ ಒಂದು ರಂಗಮಂದಿರದಲ್ಲಿ ತನ್ನ ಕಾರ್ಯಕ್ರಮಕ್ಕೆ ಮುಂಚೆ ಇಪ್ಪತ್ತು ನಿಮಿಷ ಹಾಡಲು ಕರೆದಿದ್ದ. ಚೆನ್ನಾಗಿ ಹಾಡಿದರೆ ಫೆಬ್ರವರಿಯಿಂದ ಊರೂರು ಸುತ್ತುವ ಅವನ ತಿರುಗಾಟದಲ್ಲಿ ಇವರಿಗೂ ಜಾಗ. ಹಾಗಾದರೆ ಮೇಘನಾ ಒಂದು ವರ್ಷ ಓದು ನಿಲ್ಲಿಸಬೇಕು.

ಇದೇ ವಿಷಯಕ್ಕೆ ತಾಯಿ ಮಗಳ ನಡುವೆ ಎರಡು ವಾರದಿಂದ ಮಾತು ಸೊಟ್ಟಗಾಗಿತ್ತು. ಕೊನೆಗೆ, "ನಾವೂ ಬರ್ತೀವಿ, ಕೇಳ್ತೀವಿ. ಆಮೇಲೆ ಹೇಳ್ತೀವಿ" ಎಂಬಲ್ಲಿಗೆ ಬಂದು ನಿಂತಿತ್ತು. ನನ್ನನ್ನು ಕೇಳಿದರೆ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಅದ್ರಿಯಾನ್ ನಮ್ಮಲ್ಲೇ ಉಳಿದಿದ್ದ. ತಂಡದ ಉಳಿದ ಇಬ್ಬರು ಬೇರೆ ಗಾಡಿಯಲ್ಲಿ ಬರುವವರಿದ್ದರು. ಗಿರಿಜಾ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿದ್ದಳು. ನಾನು ಚಹಾ ಕುಡಿದು, ಬಾಗಿಲ ಬಳಿಯಿದ್ದ ಚೀಲ ಪೆಟ್ಟಿಗೆಗಳನ್ನೆಲ್ಲ ವ್ಯಾನಿಗೆ ತುಂಬಿದೆ. ಬೇಸಿನ ಕುತ್ತಿಗೆಯಲ್ಲಿ ಚೆಂಡುಹೂವಿನ ಎಳೆಯೊಂದಿತ್ತು. ಮೇಘನಾ ಅದನ್ನು ತೆಗೆಯಲಿಲ್ಲ.

ಐ-94 ಹಿಡಿದು ಪಶ್ಚಿಮಕ್ಕೆ ಹೋಗುವ ದಾರಿ ಸಪಾಟು. ಜ್ಯಾಕ್ಸನ್ ದಾಟುವ ತನಕ ಮಂಜು. ಆಮೇಲೆ ಬಿಸಿಲು ಬಿದ್ದು ಎರಡೂ ಬದಿ ಕೆಂಪು, ಕಿತ್ತಳೆ ಮರಗಳು. ಕಲಮಜೂ ಆಚೆ ಎಕ್ಸಿಟ್ ತೆಗೆದುಕೊಂಡು ಒಂದು ಸೇಬಿನ ತೋಟದಲ್ಲಿ ನಿಂತೆವು. ಬಿಸಿ ಸೇಬಿನ ರಸ, ಸಕ್ಕರೆ ಹೊರಳಿಸಿದ ಡೋನಟ್. ಗಿರಿಜಾ ತಂದಿದ್ದ ಸಜ್ಜಿರೊಟ್ಟಿ, ಶೇಂಗಾ ಚಟ್ನಿಯನ್ನು ಅದ್ರಿಯಾನ್ ಡೋನಟ್ ಬಿಟ್ಟು ತಿಂದ. "ಆಂಟಿ, ನಮ್ಮ ಅಜ್ಜಿಯ ಟೊರ್ಟಿಯಾ ಇಷ್ಟು ತೆಳ್ಳಗಿರಲಿಲ್ಲ" ಎಂದ. ಅವನು ಆಡಿದ್ದು ಇಂಗ್ಲಿಷು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆಂಟಿ ಎಂಬುದು ಅವನದೇ ಮಾತು. ಗಿರಿಜಾ ಇನ್ನೆರಡು ರೊಟ್ಟಿ ಹಾಕಿದಳು. ಹಾಡಿನ ಮೇಲೆ ಸಿಟ್ಟಿದ್ದರೂ ಹುಡುಗನ ಮೇಲೆ ಇರಲಿಲ್ಲ.

ಇಂಡಿಯಾನಾ ಹೊಕ್ಕಾಗ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಈ ಪುಕ್ಕಟೆ ಗಂಟೆ ಸಿಕ್ಕಾಗಲೆಲ್ಲ ನನಗೆ ಖುಷಿ. ಶಿಕಾಗೋ ಅದನ್ನು ತನ್ನ ಟ್ರಾಫಿಕ್ಕಿನಲ್ಲಿ ವಾಪಸು ಕಸಿದುಕೊಳ್ಳುತ್ತದೆ ಎಂಬುದು ಬೇರೆ ಮಾತು. ಇನ್ನೂರೆಂಬತ್ತು ಮೈಲಿ ದಾಟಿ ವೆಸ್ಟ್‌ಮಂಟ್‌ನಲ್ಲಿ ಗೆಳೆಯ ಹಿರೇಮಠರ ಮನೆ ಸೇರಿದಾಗ ಅಲ್ಲಿನ ಗಡಿಯಾರದಲ್ಲಿ ಒಂದು ದಾಟಿತ್ತು. ಹಿರೇಮಠರ ಹೆಂಡತಿ ಹೋಳಿಗೆ ಮಾಡಿದ್ದರು. ಉಂಡು, ನಾಲ್ಕಕ್ಕೆ ಅರೋರಾ ಸೇರಿ ಮೈಕು ಪರೀಕ್ಷಿಸುವುದು, ಏಳಕ್ಕೆ ಹಾಡು ಎಂದು ಲೆಕ್ಕ.

ನಾವು ಎರಡನೇ ಹೋಳಿಗೆಯಲ್ಲಿದ್ದೆವು. ಶ್ರುತಿ ಮಾಡುತ್ತೇನೆಂದು ಅದ್ರಿಯಾನ್ ಗಿಟಾರಿನ ಪೆಟ್ಟಿಗೆ ತೆರೆದ. ಒಳಗೆ ಮಡಿಸಿದ ಒಂದು ಕೆಂಪು ಬಟ್ಟೆ ಇತ್ತು. ಗಿಟಾರು ಇರಲಿಲ್ಲ.

ಗಿರಿಜಾ ತುಪ್ಪದ ಚಮಚ ಕೆಳಗಿಟ್ಟಳು. "ದೇವರ ಮುಂದ ಐತಿ" ಎಂದಳು.

ನಡೆದದ್ದು ಇಷ್ಟೇ. ಪೆಟ್ಟಿಗೆಗೆ ಪೂಜೆ ಮಾಡಿದರೆ ಏನು ಬಂತು ಎಂದು ಅವಳು ನಸುಕಿನಲ್ಲಿ ಗಿಟಾರನ್ನು ಹೊರತೆಗೆದು ಸರಸ್ವತಿಯ ಮುಂದೆ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿದ್ದಳು. ಯಾರಾದರೂ ಎಡವಿಯಾರೆಂದು ಪೆಟ್ಟಿಗೆ ಮುಚ್ಚಿ ಬಾಗಿಲ ಬಳಿ ಸರಿಸಿದ್ದಳು. ಪೂಜೆಗೆ ಕೂತ ವಸ್ತುವನ್ನು ದಶಮಿಯ ತನಕ ಮುಟ್ಟಬಾರದು. ಆದರೂ ಈ ಸಲ ಹೊರಡುವಾಗ ಪೂಜೆ ಮುಗಿದ ಗುರುತಿಗೆ ಉತ್ತರಕ್ಕೆ ಒಂದಿಷ್ಟು ಕದಲಿಸಿ ಎತ್ತಿಕೊಳ್ಳೋಣ ಎಂದುಕೊಂಡಿದ್ದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಪೆಟ್ಟಿಗೆ ಮೊದಲೇ ಭಾರದ್ದು. ಎತ್ತಿದ ನನಗೂ ಗೊತ್ತಾಗಲಿಲ್ಲ.

ಮೇಘನಾ ಎದ್ದು ನಿಂತಳು. "ಅಮ್ಮಾ, ಡಿಡ್ ಯು ಡೂ ದಿಸ್ ಆನ್ ಪರ್ಪಸ್?"

ಬೇಕೆಂದೇ ಮಾಡಿದೆಯಾ ಎಂದು ಅವಳು ಕೇಳಿದ್ದು ಎಲ್ಲರ ಮುಂದೆ. ಹಿರೇಮಠರು ಹೋಳಿಗೆಯನ್ನು ನೋಡುತ್ತ ಕುಳಿತರು. ನನಗೆ ಗಿರಿಜಾಳ ಮುಖ ನೋಡಲು ಆಗಲಿಲ್ಲ, ಯಾಕೆಂದರೆ ಅದೇ ಪ್ರಶ್ನೆ ಅರೆಗಳಿಗೆ ನನ್ನ ತಲೆಯಲ್ಲೂ ಸುಳಿದಿತ್ತು.

ಅದ್ರಿಯಾನ್ ಖಾಲಿ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದ. ಹನ್ನೆರಡು ತಂತಿಯ ಆ ಗಿಟಾರನ್ನು ಅವನ ಅಜ್ಜ ಮೆಕ್ಸಿಕೋದ ಪಾರಾಚೋ ಎಂಬ ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದಂತೆ. ಬೇರೆಯದರ ಮೇಲೆ ಅವನು ಜನರ ಮುಂದೆ ಎಂದೂ ಹಾಡಿರಲಿಲ್ಲ. "ಪರವಾಗಿಲ್ಲ ಆಂಟಿ" ಎಂದ. ಆದರೆ ಪೆಟ್ಟಿಗೆಯನ್ನು ಮುಚ್ಚಿ ಮತ್ತೊಮ್ಮೆ ತೆರೆದು ನೋಡಿದ. ಮನೆಯಿಂದ ಯಾರ ಕೈಲಾದರೂ ತರಿಸೋಣವೆಂದರೂ ಆ ಟ್ರಾಫಿಕ್ಕಿನಲ್ಲಿ ಏಳರೊಳಗೆ ತಲುಪುವ ಹಾಗಿರಲಿಲ್ಲ.

ಗಿರಿಜಾ ಕೈ ತೊಳೆದು ಬಂದು ವ್ಯಾನಿನ ಕೀ ತೆಗೆದುಕೊಂಡಳು. "ರೀ, ಏಳ್ರಿ. ಅರೋರಾದಾಗ ಮೆಕ್ಸಿಕೋ ಮಂದಿ ಭಾಳ ಅದಾರ. ಗಿಟಾರು ಸಿಗ್ತೈತಿ."

ಮಕ್ಕಳು ಬೇಸನ್ನು ಹಿರೇಮಠರ ಗಾಡಿಗೆ ಏರಿಸಿಕೊಂಡು ರಂಗಮಂದಿರಕ್ಕೆ ಹೋದರು. ನಾವಿಬ್ಬರೂ ಐ-88ರ ಟೋಲ್ ರಸ್ತೆ ಹಿಡಿದೆವು. ಸುಮಾರು ದೂರ ಹೋದ ಮೇಲೆ ಅವಳು, "ನೀವೂ ಹಂಗ ಅನ್ಕೊಂಡ್ರೇನು?" ಎಂದು ಕೇಳಿದಳು.

"ಇಲ್ಲ" ಎಂದೆ.

"ಅಕಿ ಕಾಲೇಜು ಬಿಡೂದು ನನಗ ಮನಸ್ಸಿಲ್ಲ. ಅದು ಖರೆ. ಅದಕ್ಕಂತ ದೇವರ ಹೆಸರಿಲೆ ಮೋಸ ಮಾಡ್ತೀನೇನು ನಾ?" ಎಂದು ಕಿಟಕಿಯ ಕಡೆ ತಿರುಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ನೋಡಿದಾಗಲೆಲ್ಲ ನಾನು ಗಾಡಿ ಓಡಿಸುತ್ತಿರುತ್ತೇನೆ.

ಅರೋರಾ ಎಂದರೆ ನಮ್ಮವರಿಗೆ ಬಾಲಾಜಿಯ ಗುಡಿ. ಎಷ್ಟು ಸಲ ಬಂದಿದ್ದರೂ ಗುಡಿ, ಪ್ರಸಾದ, ವಾಪಸು, ಊರೊಳಗೆ ಇಳಿದವರಲ್ಲ. ಅಂದು ಇಳಿದೆವು. ಬೀದಿ ತುಂಬ ಸ್ಪ್ಯಾನಿಷ್ ಬೋರ್ಡುಗಳು, ಸಿಹಿ ಬ್ರೆಡ್ಡಿನ ವಾಸನೆ, ಮದುವಣಗಿತ್ತಿಯರ ಉಡುಪಿನ ಅಂಗಡಿಗಳು. ಎರಡು ಕಡೆ ಇಲ್ಲವೆಂದರು. ಮೂರನೆಯದು ಟೋಪಿ, ಬೆಲ್ಟು, ಬೂಟು ಮಾರುವ ಅಂಗಡಿ. ಹಿಂದಿನ ಗೋಡೆಗೆ ವಾದ್ಯಗಳನ್ನು ತೂಗುಹಾಕಿದ್ದರು. ಒಡತಿ ಎಲ್ವಿರಾ ಎಂಬ, ಅರವತ್ತು ದಾಟಿದ ಹೆಂಗಸು.

ಗಿರಿಜಾಗೆ ಬರುವ ಸ್ಪ್ಯಾನಿಷ್ ಎಲ್ಲ ಆಪರೇಷನ್ ಕೋಣೆಯದು. ಉಸಿರು ಎಳೆದುಕೊಳ್ಳಿ, ಹೆದರಬೇಡಿ, ಈಗ ನಿದ್ದೆ ಬರುತ್ತದೆ. ಇವುಗಳಿಂದ ಗಿಟಾರು ಕೇಳುವುದು ಕಷ್ಟ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವಂತೆ ಅವಳು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಪೂಜೆಯ ಕಥೆಯನ್ನೆಲ್ಲ ಹೇಳಿದಳು. ಎಲ್ವಿರಾ ಕೊನೆಯವರೆಗೂ ಕೇಳಿಸಿಕೊಂಡು, "ದೇವಿಯ ಮುಂದೆ ಇಟ್ಟಿರಾ? ಹಾಗಾದರೆ ಅದು ಅಲ್ಲೇ ಇರಬೇಕು" ಎಂದರು. ಗಲ್ಲಾದ ಹಿಂದೆ ಅವರದೂ ಒಬ್ಬ ದೇವಿ ಇದ್ದಳು, ಮೇರಿ ಮಾತೆ, ಮುಂದೆ ಪ್ಲಾಸ್ಟಿಕ್ ಗುಲಾಬಿ. ಹಾಡುಗಾರ ಯಾರೆಂದು ಕೇಳಿದರು. ಹೆಸರು ಹೇಳಿದೆ. ಅವರು ಫೋನಿನಲ್ಲಿ ಛಾವಣಿಯ ಹಾಡು ಹಚ್ಚಿ, "ಇವನೇ?" ಎಂದರು. ನಮ್ಮ ಬೇಸ್‌ಮೆಂಟಿನಲ್ಲಿ ಶುರುವಾದ ಮಗಳ ಬೇಸಿನ ಸದ್ದು ಅಪರಿಚಿತ ಊರಿನ ಟೋಪಿ ಅಂಗಡಿಯಲ್ಲಿ ಕೇಳಿಸಿತು. ಗಿರಿಜಾ ಗಲ್ಲಾದ ಅಂಚು ಹಿಡಿದುಕೊಂಡು ಹಾಡು ಮುಗಿಯುವ ತನಕ ನಿಂತಿದ್ದಳು.

ಎಲ್ವಿರಾ ಗೋಡೆಯಿಂದ ಹನ್ನೆರಡು ತಂತಿಯ ಒಂದು ಗಿಟಾರು ಇಳಿಸಿ ಕೊಟ್ಟರು, ಬಾಡಿಗೆ ತೆಗೆದುಕೊಳ್ಳಲಿಲ್ಲ. ನಾಳೆ ತಂದುಕೊಟ್ಟರೆ ಸಾಕು. ಆದರೆ ಹುಡುಗ ವೇದಿಕೆಯ ಮೇಲಿಂದ, ಇದು ಎಲ್ವಿರಾ ಕೊಟ್ಟ ಗಿಟಾರು ಎಂದು ಹೇಳಬೇಕು ಎಂದರು. ಅದು ಅವರ ಪದ್ಧತಿಯಂತೆ. ನಮ್ಮ ಕಡೆಯ ನಾಟಕಗಳಲ್ಲಿ ಇಂಥವರಿಂದ ಆಯೇರಿ ಎಂದು ಉಡುಗೊರೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದಿಲ್ಲವೇ, ಹಾಗೆ.

ಐದಕ್ಕೆ ರಂಗಮಂದಿರದ ಹಿಂಬಾಗಿಲಲ್ಲಿ ಗಿಟಾರು ಕೊಟ್ಟೆವು. ಮೇಘನಾ ನೋಡಿ, ಬೇಸಿನ ಕಡೆ ತಿರುಗಿದಳು. ಅದ್ರಿಯಾನ್ ತಂತಿ ಮುಟ್ಟಿ ನೋಡಿದ. ಒಂದೇ ತಂತಿಯನ್ನು ಮೂರು ಸಲ ಬಿಗಿದು ಮೂರು ಸಲ ಸಡಿಲಿಸಿದ. ಗಿರಿಜಾ ಅವನ ಮುಂಗೈ ಹಿಡಿದು, ದಿನವೂ ಎಷ್ಟೋ ಜನರಿಗೆ ಹೇಳುವ ದನಿಯಲ್ಲಿ, "ರೆಸ್ಪಿರೆ ಓಂದೋ. ನೋ ತೆಂಗಾ ಮಿಯೆದೋ" ಎಂದಳು. ಉಸಿರು ಎಳೆದುಕೋ, ಹೆದರಬೇಡ. ಅವನು ಎಳೆದುಕೊಂಡ. ನಿದ್ದೆಯ ಮಾತನ್ನು ಅವಳು ಬಿಟ್ಟಳು, ಪುಣ್ಯ.

ಮೊದಲ ಹಾಡಿನಲ್ಲಿ ಅವನು ಗಿಟಾರನ್ನೇ ನೋಡುತ್ತಿದ್ದ. ಎರಡನೆಯದರಲ್ಲಿ ಜನರನ್ನು ನೋಡಿದ. ಮೂರನೆಯದಕ್ಕೆ ಮುಂಚೆ ಎಲ್ವಿರಾರ ಹೆಸರು ಹೇಳಿದ. ಮೇಲಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. "ಮತ್ತು ಫಾರ್ಮಿಂಗ್ಟನ್ ಹಿಲ್ಸ್‌ನ ಸೆನ್ಯೋರಾ ಗಿರಿಜಾ ಅವರಿಗೆ" ಎಂದ. ನನ್ನ ಹೆಂಡತಿ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಛಾವಣಿಯ ಹಾಡು. ಮೇಘನಾ ಮೀಟಿದ ಮೊದಲ ಸ್ವರಕ್ಕೇ ಜನ ಎದ್ದರು. ಮುಂದಿನ ಸಾಲುಗಳನ್ನು ಅವನು ಹಾಡಬೇಕಾಗಲಿಲ್ಲ, ಅವರೇ ಹಾಡಿದರು. ಸಂಗೀತ ಎಂದರೆ ಕೈಕಟ್ಟಿ ಕೂತು ಕೇಳುವುದು ಎಂದು ಕಲಿತವರು ನಾವು. ನಾವೂ ಎದ್ದು ನಿಂತೆವು. ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

ಆಟ ಮುಗಿದ ಮೇಲೆ ಆ ದೊಡ್ಡ ಗಾಯಕನ ಮ್ಯಾನೇಜರು ಬಂದು, ಫೆಬ್ರವರಿಗೆ ಸಿದ್ಧರಾಗಿರಿ ಎಂದ. ಬೇಸಿನ ಹುಡುಗಿಯೂ ಬರುತ್ತಾಳಷ್ಟೆ ಎಂದು ಕೇಳಿದ. ಮೇಘನಾ ನಮ್ಮ ಕಡೆ ನೋಡದೆ, ನಾಳೆ ಹೇಳುತ್ತೇನೆ ಎಂದಳು.

ಭಾನುವಾರ ವಿಜಯದಶಮಿ. ಹಿರೇಮಠರ ಮನೆಯಲ್ಲಿ ಅವಲಕ್ಕಿ ತಿಂದು, ಗುಡಿಗೆ ಹೋಗಿ, ಅಂಗಡಿ ತೆರೆದ ಕೂಡಲೇ ಗಿಟಾರು ಹಿಂದಿರುಗಿಸಿದೆವು. ಎಲ್ವಿರಾ ಒಂದು ಪೊಟ್ಟಣ ಸಿಹಿ ಬ್ರೆಡ್ ಕೊಟ್ಟರು, ಗಿರಿಜಾ ಲಾಡು ಕೊಟ್ಟಳು. ಅಲ್ಲಿಂದ ಮನೆಯ ದಾರಿ ಹಿಡಿದೆವು. ಇಂಡಿಯಾನಾದ ಆಚೆ ಆ ಪುಕ್ಕಟೆ ಗಂಟೆಯನ್ನೂ ಹಿಂದಕ್ಕೆ ಕೊಟ್ಟದ್ದಾಯಿತು. ಪಾ ಪಾ ಎಂಬ ಊರಿನ ಬಳಿ ಮಳೆ ಹನಿಯಿತು. ಅದ್ರಿಯಾನ್ ನಿದ್ದೆ ಹೋಗಿದ್ದ, ಖಾಲಿ ಪೆಟ್ಟಿಗೆಯ ಮೇಲೆ ಕಾಲು ಚಾಚಿ.

ಮನೆ ತಲುಪಿದಾಗ ಸಂಜೆಯ ಬೆಳಕಿತ್ತು. ಗಿರಿಜಾ ಕೈಕಾಲು ತೊಳೆದು ದೀಪ ಹಚ್ಚಿದಳು. ಗಿಟಾರು ಸರಸ್ವತಿಯ ಮುಂದೆ ಇಟ್ಟ ಹಾಗೆಯೇ ಇತ್ತು, ಮೇಲೆ ಬಾಡಿದ ಚೆಂಡುಹೂವು. ಅದನ್ನು ಉತ್ತರಕ್ಕೆ ಒಂದು ಬೆರಳಷ್ಟು ಕದಲಿಸಿ, ಎತ್ತಿ ಅದ್ರಿಯಾನನ ಕೈಗೆ ಕೊಟ್ಟಳು. ಒರೆಸಲು ಬಟ್ಟೆ ಕೊಡಹೋದರೆ ಅವನು ಬೇಡವೆಂದ. ಕುಂಕುಮ ಅಲ್ಲೇ ಇರಲಿ ಎಂದು ನೆಲದ ಮೇಲೆ ಕುಳಿತು ಶ್ರುತಿ ಮಾಡತೊಡಗಿದ.

ಮೇಘನಾ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ದೂಡಿಕೊಂಡು ಬಂದಳು, ಬೊಗಸೆ ತುಂಬ ಲೋಕಸ್ಟ್ ಎಲೆ, ಕೂದಲಲ್ಲೂ ನಾಲ್ಕು ಹಳದಿ ಎಲೆ. ನೇರವಾಗಿ ಅಮ್ಮನ ಬಳಿ ಹೋಗಿ ಕೈಗೆ ಹಾಕಿ, ಬಗ್ಗಿ ಕಾಲು ಮುಟ್ಟಿದಳು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ ಮಾತನ್ನು ತನ್ನ ಅಮೆರಿಕದ ನಾಲಿಗೆಯಲ್ಲೇ ಹೇಳಿದಳು: "ಬನ್ನಿ ತಗೊಂಡು ಬಂಗಾರದಂಗ ಇರೂಣು." ಆಮೇಲೆ, "ಐ ಆ್ಯಮ್ ಸಾರಿ, ಅಮ್ಮಾ."

ಬನ್ನಿ ಕೊಟ್ಟವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು. ಅದು ನಮ್ಮ ಕಡೆಯ ಕಟ್ಟಳೆ. ಗಿರಿಜಾ ಮಗಳ ಕೂದಲಿನ ಒಂದು ಎಲೆ ತೆಗೆದು ಕೈಯಲ್ಲಿದ್ದವುಗಳ ಜೊತೆ ಸೇರಿಸಿದಳು. ಆಮೇಲೆ ತೆರೆದಿದ್ದ ಪೆಟ್ಟಿಗೆಯ ಕೆಂಪು ಬಟ್ಟೆಯ ಮೇಲೆ ಅರ್ಧ ಹಾಕಿ, ಉಳಿದರ್ಧವನ್ನು ಮಗಳ ಕೈಗೆ ವಾಪಸು ಕೊಟ್ಟಳು.

"ಫೆಬ್ರವರಿಗೆ ಹೊರಡೂ ಮುಂದ ಪೆಟಗಿ ತೆಗದು ಒಳಗ ಒಮ್ಮೆ ನೋಡು" ಎಂದಳು. "ಹೋಗಿ ಬಾ."