ಮೂರನೆಯ ಸಲ ಬಂದ ಕಾರು

ಇದು ನಡೆದದ್ದು ಮೂರು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳಿನಲ್ಲಿ. ಪೀಣ್ಯ ಎರಡನೆಯ ಹಂತದ ಒಂದು ಕಾರು ಸರ್ವಿಸ್ ಕೇಂದ್ರದಲ್ಲಿ ನಾನು ಸರ್ವಿಸ್ ಅಡ್ವೈಸರ್ ಆಗಿ ಸೇರಿ ಆಗ ಏಳು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗ್ರಾಹಕರು ಹೇಳುವ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಕೆಲಸ ಮುಗಿದ ಮೇಲೆ ಅದೇ ಕಾರ್ಡಿಗೆ ಸಹಿ ಹಾಕಿ ಗಾಡಿಯನ್ನು ಒಪ್ಪಿಸುವುದು ನನ್ನ ಜವಾಬ್ದಾರಿ.

ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವಳು ನಾನೊಬ್ಬಳೇ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದಿದ್ದರೂ, ಹಿರಿಯರ ಮುಂದೆ ಒಂದು ವಾಕ್ಯ ಹೇಳಬೇಕಾದರೆ ಅದನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದಿಕೊಂಡ ಮೇಲೆಯೇ ಬಾಯಿ ತೆರೆಯುತ್ತಿದ್ದೆ. ಎಷ್ಟೋ ಸಲ ತಿದ್ದಿ ಮುಗಿಸುವಷ್ಟರಲ್ಲಿ ಮಾತು ಬೇರೆಡೆಗೆ ಹೋಗಿಬಿಡುತ್ತಿತ್ತು.

ಆ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮಲ್ಲಪ್ಪ ಎಂಬ ಚಾಲಕರು ಬಿಳಿಯ ಟ್ಯಾಕ್ಸಿಯೊಂದನ್ನು ತಂದರು. ಅವರು ಬಾಗಲಕೋಟೆಯ ಕಡೆಯವರು. ಬಾಗಲಗುಂಟೆಯಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿದ್ದುಕೊಂಡು ಟ್ರಾವೆಲ್ಸ್ ಮಾಲೀಕರೊಬ್ಬರ ಗಾಡಿ ಓಡಿಸುತ್ತಿದ್ದರು. ಬೆಳಗಿನ ಪಾಳಿಯವರನ್ನು ಬೊಮ್ಮಸಂದ್ರದ ಕಾರ್ಖಾನೆಗೆ ಬಿಟ್ಟು, ಪಾಳಿ ಮುಗಿಸಿದವರನ್ನು ಕಾಲು ಗಂಟೆಯ ನಂತರ ಅಲ್ಲಿಂದ ವಾಪಸು ಕರೆತರುವುದು ಅವರ ಕೆಲಸ. ಒಂದೇ ದೂರಿಗಾಗಿ ಆ ಗಾಡಿ ನಮ್ಮಲ್ಲಿಗೆ ಬಂದದ್ದು ಅದು ಮೂರನೆಯ ಸಲ.

“ಮೇಡಂ, ತಣ್ಣಗಿದ್ದಾಗ ಏನೂ ತಕರಾರಿಲ್ರಿ. ಬೊಮ್ಮಸಂದ್ರದಾಗ ಮಂದೀನ ಇಳಿಸಿ, ಬಂದ್ ಮಾಡಿ, ಚಾ ಕುಡ್ದು ಬರೋದ್ರಾಗ ಸತ್ತಂಗ ಕುಂತಿರತೈತಿ. ಸೆಲ್ಫ್ ಹೊಡೀತೈತಿ, ಎಂಜಿನ್ ಹತ್ತಂಗಿಲ್ಲ. ಮುಕ್ಕಾಲು ತಾಸು ಬಿಟ್ರ ಏನೂ ಆಗೇ ಇಲ್ಲ ಅನ್ನೂಹಂಗ ಚಾಲೂ ಆಕ್ಕೈತಿ,” ಎಂದರು. ನಂತರ ದನಿ ತಗ್ಗಿಸಿ, “ಎರಡು ಸಲಾನೂ ನೀವು ‘ದೋಷ ಇಲ್ಲ’ ಅಂತ ಬರದ್ರಿ. ಮಲಗಾಕ ನೆಪ ಹೇಳ್ತಾನ ಕಳ್ಳ ಅಂತಾರ್ರಿ ನಮ್ಮ ಮಾಲಕರು. ಇವತ್ತೂ ಹಂಗ ಬರದ್ರ ಚಾವಿ ಇಟ್ಟು ಊರಿಗೆ ಹೋಗು ಅಂದಾರ,” ಎಂದರು.

ಹಿಂದಿನ ಎರಡೂ ಕಾರ್ಡುಗಳಲ್ಲಿದ್ದ ಸಹಿ ನನ್ನದೇ.

ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಗಾಡಿ ಗೇಟಿನೊಳಗೆ ಬಂದ ಕೂಡಲೇ ಅದನ್ನು ನೀರಿನಿಂದ ತೊಳೆಯುವ ವಿಭಾಗಕ್ಕೆ ಒಯ್ಯುತ್ತಿದ್ದರು. ಮಣ್ಣು ಹಿಡಿದ ಎಂಜಿನ್ನಿನ ಮೇಲೆ ಮೆಕ್ಯಾನಿಕ್ಕುಗಳು ಕೈಯಿಡಬಾರದೆಂಬ ಕಾರಣಕ್ಕೆ ಬಾನೆಟ್ ತೆರೆದು, ಕೆಳಗಿನಿಂದಲೂ ಮೇಲಿನಿಂದಲೂ ನೀರು ಹಾಯಿಸುತ್ತಿದ್ದರು. ಪರೀಕ್ಷೆ ಏನಿದ್ದರೂ ಅದಾದ ಮೇಲೆಯೇ. ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆದುಕೊಳ್ಳಲು ಮರೆತಿದ್ದ ನಾನು ಆ ದಿನ ಗಾಡಿಯ ಹಿಂದೆಯೇ ಅಲ್ಲಿಗೆ ಹೋದೆ. ನೀರು ಬಿದ್ದೊಡನೆ ಎಂಜಿನ್ನಿನಿಂದ ಬಿಳಿಯ ಹಬೆ ಗುಪ್ಪೆಂದು ಎದ್ದಿತು. ಅದನ್ನು ನೋಡಿದೆನೇ ಹೊರತು ಆ ಕ್ಷಣದಲ್ಲಿ ಏನೂ ಯೋಚಿಸಲಿಲ್ಲ. ಕಿಲೋಮೀಟರ್ ಬರೆದುಕೊಂಡು ಹಿಂದಿರುಗಿದೆ.

ಒಂದು ಗಂಟೆಯ ನಂತರ ನಮ್ಮ ಹಿರಿಯ ಮೆಕ್ಯಾನಿಕ್ ಮುನಿರಾಜಣ್ಣ ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಐದು ಸಲ ಆರಿಸಿ ನೋಡಿದರು. ಐದು ಸಲವೂ ಆಯಿತು. ದೋಷ ಓದುವ ಸ್ಕ್ಯಾನರಿನಲ್ಲಿಯೂ ಏನೂ ಕಾಣಿಸಲಿಲ್ಲ. “ಬೆಣ್ಣೆ ಥರ ಎತ್ಕೊಳ್ತಾ ಐತೆ ಮೇಡಂ. ಸ್ಟಾರ್ಟ್ ಆಗೋ ಗಾಡೀಲಿ ನಾನೇನ್ ಹುಡುಕ್ಲಿ?” ಎಂದರು.

ಅಷ್ಟರಲ್ಲಿ ಟ್ರಾವೆಲ್ಸ್ ಮಾಲೀಕರು ಬಂದರು. ಎಂಜಿನ್ನಿನ ಸದ್ದು ಕೇಳಿದವರೇ ಎಲ್ಲರ ಮುಂದೆ ಮಲ್ಲಪ್ಪನವರತ್ತ ತಿರುಗಿ, “ಏನಯ್ಯಾ ಕಳ್ಳಾ, ಮನೇಲಿ ನಿದ್ದೆ ಸಾಲಲ್ಲ ಅಂತ ಬೊಮ್ಮಸಂದ್ರದಲ್ಲಿ ಹಾಸಿಗೆ ಹಾಸ್ತೀಯಾ? ಇನ್ಮೇಲೆ ಈ ಗಾಡಿ ಕೀ ಮುಟ್ಬೇಡ,” ಎಂದರು. ಮಲ್ಲಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

ನಮ್ಮ ವರ್ಕ್ಸ್ ಮ್ಯಾನೇಜರ್ ಕಾರ್ಡನ್ನು ನನ್ನ ಮುಂದಕ್ಕೆ ಸರಿಸಿ, “ದೋಷ ಇಲ್ಲ ಅಂತ ಬರ್ದು ಸೈನ್ ಮಾಡಮ್ಮ, ಇನ್ನೂ ಆರು ಗಾಡಿ ಕಾಯ್ತಿವೆ,” ಎಂದರು.

ಪೆನ್ನು ತೆರೆದೆ. ಆಗ ಆ ಹಬೆ ಕಣ್ಣಮುಂದೆ ಬಂತು. ಬಿಸಿಯಾದಾಗ ಸ್ಟಾರ್ಟ್ ಆಗದು ಎಂಬುದು ಇವರ ದೂರು. ನಾವೋ ಮೂರು ಸಲವೂ ಗಾಡಿಯನ್ನು ತೊಳೆದು, ತಣಿಸಿ, ಆಮೇಲೆ ಪರೀಕ್ಷಿಸಿದ್ದೆವು.

“ಸರ್, ನಾನು ಸಹಿ ಹಾಕುವುದಿಲ್ಲ,” ಎಂದೆ. ಆ ವಾಕ್ಯವನ್ನು ಒಂದು ಸಲವೂ ತಿದ್ದಿಕೊಂಡಿರಲಿಲ್ಲ. “ಬಿಸಿಯಾದ ಗಾಡಿಯನ್ನು ನಾವು ಇಲ್ಲಿಯವರೆಗೆ ಪರೀಕ್ಷಿಸಿಯೇ ಇಲ್ಲ. ನನಗೆ ಒಂದೂವರೆ ಗಂಟೆ ಕೊಡಿ.”

ಮ್ಯಾನೇಜರ್ ನಕ್ಕರು. “ಏಳು ತಿಂಗಳಿಗೇ ದೊಡ್ಡ ಎಂಜಿನಿಯರ್ ಆಗ್ಬಿಟ್ಯಾ?”

“ಎಂಜಿನಿಯರ್ ಆಗಿಯೇ ಇಲ್ಲಿಗೆ ಬಂದದ್ದು ಸರ್,” ಎಂದುಬಿಟ್ಟೆ. ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟೆ.

ಮಾಲೀಕರಿಗೆ ಏನನ್ನಿಸಿತೋ, “ನಡೀರಿ, ಇದೂ ಒಂದು ನೋಡೇಬಿಡೋಣ,” ಎಂದು ತಾವೇ ಮುಂದಿನ ಸೀಟಿನಲ್ಲಿ ಕುಳಿತರು. ಮಲ್ಲಪ್ಪ ಓಡಿಸಿದರು, ಮುನಿರಾಜಣ್ಣ ಮತ್ತು ನಾನು ಹಿಂದೆ ಕುಳಿತೆವು. ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಹೋಗಿ, ವಾಹನಗಳ ಸಾಲಿನಲ್ಲಿ ತೆವಳುತ್ತ ವಾಪಸು ಬಂದು, ಕೇಂದ್ರದ ಅಂಗಳದಲ್ಲಿ ಉರಿಬಿಸಿಲಿಗೆ ನಿಲ್ಲಿಸಿ ಎಂಜಿನ್ ಆರಿಸಿದೆವು. ಬಾನೆಟ್ ತೆರೆಯಕೂಡದೆಂದು ನಾನು ಹೇಳಿದೆ. ಓಡುವಾಗ ಗಾಳಿಯೂ ಫ್ಯಾನೂ ಎಂಜಿನ್ನನ್ನು ತಣಿಸುತ್ತಿರುತ್ತವೆ. ನಿಂತ ಮೇಲೆ ಒಳಗಿನ ಕಾವು ಹೊರಗೆ ಹೋಗಲಾರದೆ ಸುತ್ತಲಿನ ಭಾಗಗಳಿಗೆ ಏರುತ್ತದೆ. ಮಲ್ಲಪ್ಪ ಚಹಾ ಕುಡಿಯುತ್ತಿದ್ದ ಆ ಕಾಲು ಗಂಟೆಯೇ ನಮಗೆ ಬೇಕಾಗಿತ್ತು.

ಐದು ನಿಮಿಷಕ್ಕೇ ಮಾಲೀಕರು ತಾಳ್ಮೆಗೆಟ್ಟು, ಚಾಲಕರ ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಿದರು. ಎಂಜಿನ್ ಸ್ಟಾರ್ಟ್ ಆಯಿತು.

“ಆಯ್ತಾ ತಾಯಿ?” ಎಂದರು. ಮೆಟ್ಟಿಲ ಮೇಲೆ ನಿಂತಿದ್ದ ಮ್ಯಾನೇಜರ್, “ಸಾಕು ನಾಟಕ, ಒಳಗೆ ಬಾ,” ಎಂದು ಕೂಗಿದರು. ತೊಳೆಯುವ ವಿಭಾಗದವರೂ ಕೆಲಸ ಬಿಟ್ಟು ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ಆರಿಸಿದೆ. ಕೀಲಿಯನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಹತ್ತು ನಿಮಿಷ ಯಾರೂ ಕೇಳಬೇಡಿ. ಕೊಡುವುದಿಲ್ಲ.”

ಮಾಲೀಕರು ಗಡಿಯಾರ ನೋಡಿಕೊಂಡರು. ಮುನಿರಾಜಣ್ಣ ಮಾತ್ರ ಮೆಲ್ಲಗೆ, “ಬಿಡಬ್ಯಾಡಿ ಮೇಡಂ,” ಎಂದರು. ಅವರು ನನ್ನ ಪಕ್ಷ ವಹಿಸಿ ಮಾತನಾಡಿದ್ದು ಅದೇ ಮೊದಲು.

ಹತ್ತು ನಿಮಿಷ ಕಳೆದ ಮೇಲೆ ಕೀಲಿಯನ್ನು ಮಾಲೀಕರ ಕೈಗೇ ಕೊಟ್ಟೆ. ಸೆಲ್ಫ್ ತಿರುಗಿತು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಮ್ಯಾನೇಜರ್ ಮೆಟ್ಟಿಲಿಳಿದು ಬಂದು, “ಸರೀರಿ ಸಾರ್,” ಎಂದು ತಾವೇ ಕುಳಿತು ಪ್ರಯತ್ನಿಸಿದರು. ಅವರಿಗೂ ಆಗಲಿಲ್ಲ.

ಮಲ್ಲಪ್ಪ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, “ನೋಡ್ರಿ! ಇದನ್ನ ನಾ ಬಡಕೊಂಡದ್ದು! ಇದನ್ನ!” ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು. ಗಾಡಿ ಕೆಟ್ಟುನಿಂತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಮುನಿರಾಜಣ್ಣ ಕಿಟಕಿಯಿಂದ ಬಗ್ಗಿ ನೋಡಿ, “ಸೆಲ್ಫ್ ತಿರುಗ್ತಾ ಐತೆ, ಆರ್‌ಪಿಎಂ ಮುಳ್ಳು ಅಲ್ಲಾಡ್ತಾ ಇಲ್ಲ. ಕ್ರ್ಯಾಂಕ್ ಸೆನ್ಸರ್ ಹೋಗೈತೆ,” ಎಂದರು. ಎಂಜಿನ್ ತಿರುಗುತ್ತಿದೆಯೆಂಬ ಸಂಕೇತವನ್ನು ಗಾಡಿಯ ಕಂಪ್ಯೂಟರಿಗೆ ಕಳುಹಿಸುವ ಸಣ್ಣ ಭಾಗವದು. ಆ ಸಂಕೇತ ಬಾರದಿದ್ದರೆ ಕಂಪ್ಯೂಟರ್ ಇಂಧನವನ್ನೇ ಬಿಡುವುದಿಲ್ಲ. ಖಚಿತಪಡಿಸಿಕೊಳ್ಳಲು ಅವರು ಬಟ್ಟೆಯೊಂದನ್ನು ತಣ್ಣೀರಿನಲ್ಲಿ ಅದ್ದಿ ಆ ಸೆನ್ಸರಿಗೆ ಮಾತ್ರ ಸುತ್ತಿದರು. ಕೆಲವು ನಿಮಿಷಗಳ ನಂತರ ಕೀಲಿ ತಿರುಗಿಸಿದಾಗ ಎಂಜಿನ್ ಸ್ಟಾರ್ಟ್ ಆಯಿತು. ಉಳಿದ ಎಂಜಿನ್ ಅಷ್ಟೇ ಬಿಸಿಯಾಗಿತ್ತು, ತಣ್ಣಗಾದದ್ದು ಅದೊಂದೇ.

ಸಂಜೆಗೆ ಹೊಸ ಸೆನ್ಸರ್ ಹಾಕಿ, ಮತ್ತೊಮ್ಮೆ ಬಿಸಿ ಮಾಡಿ ನೋಡಿದೆವು, ತೊಂದರೆ ಮರುಕಳಿಸಲಿಲ್ಲ. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, “ಸೆನ್ಸರ್ ಬದಲಾಯಿಸಿದೆ ಅಂತ ಅಷ್ಟೇ ಬರಿ. ಹಳೇದೆಲ್ಲ ಕೆದಕಬೇಡ, ನಮ್ ಮರ್ಯಾದೇನೇ ಹೋಗೋದು,” ಎಂದರು.

ಕೌಂಟರಿನ ಆಚೆ ಮಲ್ಲಪ್ಪ ನಿಂತಿದ್ದರು. “ಮೇಡಂ, ಮೊದಲಿನ ಎರಡು ಸಲಾನೂ ನಾ ಸುಳ್ಳು ಹೇಳಿಲ್ಲ. ಅದನ್ನ ಯಾರು ಬರೀತಾರ್ರಿ?” ಎಂದು ಕೇಳಿದರು.

ನಾನೇ ಬರೆದೆ. ಕಾರ್ಡಿನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಎಲ್ಲರೂ ಓದುವಂತೆ ಕನ್ನಡದಲ್ಲಿ ಬರೆದೆ: “ಹಿಂದಿನ ಎರಡು ಸಲ ಗಾಡಿಯನ್ನು ತೊಳೆದು ತಣ್ಣಗಾದ ಮೇಲೆ ಪರೀಕ್ಷಿಸಿದ್ದರಿಂದ ದೋಷ ಕಂಡಿರಲಿಲ್ಲ. ಚಾಲಕರ ದೂರು ಮೊದಲ ದಿನದಿಂದಲೂ ಸರಿಯಾಗಿತ್ತು. ಆ ಎರಡೂ ಕಾರ್ಡುಗಳಿಗೆ ಸಹಿ ಹಾಕಿದ್ದು ನನ್ನ ತಪ್ಪು.” ಅದರ ಕೆಳಗೆ ನನ್ನ ಪೂರ್ಣ ಹೆಸರನ್ನು ಬರೆದು ಸಹಿ ಹಾಕಿದೆ. ಮ್ಯಾನೇಜರ್ ನೋಡುತ್ತಲೇ ಇದ್ದರು.

ಮಾಲೀಕರು ಅದನ್ನು ಎರಡು ಸಲ ಓದಿ, ಕೀಲಿಯನ್ನು ಮಲ್ಲಪ್ಪನವರತ್ತ ಚಾಚಿದರು. “ತಗೋ. ನಾಳೆ ಐದಕ್ಕೆ ಬಂದ್ಬಿಡು.”

ಮಲ್ಲಪ್ಪ ಕೈಚಾಚಲಿಲ್ಲ. “ಬರ್ತೀನ್ರಿ. ‘ಕಳ್ಳ’ ಅಂದದ್ದು ವಾಪಸ್ ತಗೋರಿ ಮೊದಲ.”

“ಸಿಟ್ಟಲ್ಲಿ ಏನೋ ಅಂದೆ ಮಾರಾಯ.”

“ಮಂದಿ ಮುಂದ ಅಂದ್ರಿ. ಮಂದಿ ಮುಂದ ತಗೋರಿ.”

ಕೌಂಟರಿನ ಬಳಿ ಆಗ ಏಳೆಂಟು ಜನರಿದ್ದರು. ಮಾಲೀಕರು ಸುತ್ತಲೂ ಒಮ್ಮೆ ನೋಡಿ, “ಆಯ್ತಪ್ಪಾ, ತಪ್ಪಾಯ್ತು. ನೀನು ಹೇಳಿದ್ದೇ ನಿಜ,” ಎಂದರು. ಆಮೇಲೆಯೇ ಮಲ್ಲಪ್ಪ ಕೀಲಿ ತೆಗೆದುಕೊಂಡದ್ದು.

ನನ್ನ ಕೆಲಸ ಕಾಯಂ ಆಗುವುದು ಆರು ತಿಂಗಳು ತಡವಾಯಿತು. ಆ ಆರು ತಿಂಗಳು ಪ್ರತಿದಿನ ಬೆಳಿಗ್ಗೆ ಹೆದರಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ದಿನ ಬರೆದದ್ದನ್ನು ಬರೆಯಬಾರದಿತ್ತು ಎಂದು ಒಂದು ಬೆಳಿಗ್ಗೆಯೂ ಅನ್ನಿಸಲಿಲ್ಲ. ಕೊನೆಗೆ ಬಂದ ಪತ್ರದಲ್ಲಿ, ಮೇಲಧಿಕಾರಿಗಳ ಸೂಚನೆಗಳನ್ನು ಪಾಲಿಸುವ ವಿಷಯದಲ್ಲಿ ನಾನು ಸುಧಾರಿಸಿಕೊಳ್ಳಬೇಕು ಎಂಬ ಒಂದು ಸಾಲಿತ್ತು. ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಈ ಮೂರು ವರ್ಷಗಳಲ್ಲಿ ಬೇರೆ ಹಲವು ವಿಷಯಗಳಲ್ಲಿ ಸುಧಾರಿಸಿದ್ದೇನೆ. ಆ ಒಂದು ವಿಷಯದಲ್ಲಿ ಇಲ್ಲ. ಸುಧಾರಿಸುವ ಉದ್ದೇಶವೂ ಇಲ್ಲ.