ಏಳು ದೀಪ ಹಚ್ಚಿದ್ದ ಶಾರದಕ್ಕ ಮತ್ತು ಪಾರ್ಟ್ ಟೂ

1991ರಲ್ಲಿ ನಾನು ಚೆಂಬೂರಿನ ನಮ್ಮ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ವಿಡಿಯೊ ಗೇಮ್ ಕ್ಯಾಸೆಟ್‌ಗಳ ಲೈಬ್ರರಿ ನಡೆಸುತ್ತಿದ್ದೆ. ಬೋರ್ಡು ಇರಲಿಲ್ಲ, ಅಂಗಡಿಯೂ ಇರಲಿಲ್ಲ. ನಮ್ಮ ಮನೆಯ ಹಾಲ್, ಒಂದು ಟೀವಿ, ದೇವರ ಗೂಡಿನ ಪಕ್ಕದ ಮರದ ಕಪಾಟು, ಅದರಲ್ಲಿ ನಲವತ್ತು ಕ್ಯಾಸೆಟ್. ನಮ್ಮವರು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಸ್ಕತ್‌ನಲ್ಲಿದ್ದ ಮೈದುನ ನಮ್ಮ ಮಗಳಿಗೆಂದು ಗೇಮ್ ಆಡುವ ಯಂತ್ರ ತಂದುಕೊಟ್ಟಿದ್ದ. ಅವಳಿಗೆ ಅದು ಎರಡೇ ತಿಂಗಳಿಗೆ ಬೇಸರವಾಯಿತು. ಬಿಲ್ಡಿಂಗಿನವರಿಗೆ ಆಗಲಿಲ್ಲ. ಹಾಗೆ ಶುರುವಾದದ್ದು. ನೆಲಮಹಡಿಯಲ್ಲಿ ಮನೆ ಸಿಕ್ಕಿದ್ದು, ಮಧ್ಯಾಹ್ನ ಮೂರರಿಂದ ಐದರವರೆಗೆ ಕರೆಂಟು ಹೋಗದೆ ಇದ್ದದ್ದು, ಇವೆಲ್ಲ ಲಕ್ಷ್ಮೀನರಸಿಂಹ ನನಗೆ ಮಾಡಿದ ಸಣ್ಣ ಸಣ್ಣ ಉಪಕಾರಗಳು. ಉಪಕಾರ ಎಣಿಸುವುದು ನನ್ನ ಅಭ್ಯಾಸ. ಆದರೆ ಈಗ ಹೇಳಹೊರಟದ್ದು ಉಪಕಾರದ ಕಥೆಯಲ್ಲ. ಇಷ್ಟು ವರ್ಷವಾದರೂ ಆ ಪಾರ್ಟ್ ಟೂ ನೆನೆದರೆ ನನಗೆ ಸಿಟ್ಟೇ ಬರುತ್ತದೆ.

ನನ್ನ ಲೈಬ್ರರಿಗೆ ಕೆಲವು ಕಟ್ಟುಪಾಡುಗಳಿದ್ದವು. ಚಪ್ಪಲಿ ಹೊರಗೆ. ಕೈ ತೊಳೆಯದೆ ಆಟದ ರಿಮೋಟ್ ಮುಟ್ಟುವಂತಿಲ್ಲ. ಒಬ್ಬರಿಗೆ ಮುಕ್ಕಾಲು ಗಂಟೆ. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಟೀವಿ ಬಂದ್.

ಕಪಾಟಿನ ನಲವತ್ತರಲ್ಲಿ ಮೂವತ್ತೊಂಬತ್ತು ಕ್ಯಾಸೆಟ್‌ಗಳು ಮರೆವಿನವು. ಸ್ವಿಚ್ ಆರಿಸಿದರೆ ಆಡಿದ್ದೆಲ್ಲ ಮುಗಿಯಿತು, ನಾಳೆ ಮತ್ತೆ ಮೊದಲಿಂದ. ಒಂದು ಮಾತ್ರ ಹಾಗಲ್ಲ. ಅದರೊಳಗೆ ಪುಟ್ಟ ಬ್ಯಾಟರಿ ಇತ್ತು. ಮೂರು ಜನರ ಹೆಸರು, ಅವರು ಎಲ್ಲಿಯವರೆಗೆ ಬಂದಿದ್ದಾರೆ, ಕೈಯಲ್ಲಿ ಏನಿದೆ, ಎಲ್ಲವನ್ನೂ ಅದು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತಿತ್ತು. ಡಬ್ಬದ ಮೇಲೆ ‘ಆ್ಯಕ್ಷನ್ ರೋಲ್-ಪ್ಲೇಯಿಂಗ್’ ಎಂದು ಬರೆದಿತ್ತು. ನನಗೆ ಅರ್ಥವಾದದ್ದು ಇಷ್ಟು: ಕತ್ತಿ ಬೀಸುವುದು ನಮ್ಮದೇ ಬೆರಳು, ಆದರೆ ಬೀಸುವವನು ಮೊದಲ ದಿನ ಇದ್ದಂತೆ ಕೊನೆಯ ದಿನ ಇರುವುದಿಲ್ಲ. ನಡೆದಷ್ಟೂ ಅವನಿಗೆ ಬಲ ಬರುತ್ತದೆ, ಸಾಮಾನು ಕೂಡುತ್ತದೆ. ಒಂದು ದ್ವೀಪ, ಅದರಲ್ಲಿ ಎಂಟು ಕೋಟೆ. ಪ್ರತಿ ಕೋಟೆಯಲ್ಲೂ ಆರಿಹೋದ ಒಂದು ದೀಪ. ಎಂಟನ್ನೂ ಹಚ್ಚಬೇಕು. ದ್ವೀಪವನ್ನು ಟೆರೇಸಿನಿಂದ ಕೆಳಗೆ ಬಗ್ಗಿ ನೋಡಿದ ಹಾಗೆ ಕಾಣುತ್ತಿತ್ತು. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು, ಯಾರ ಅಡ್ಡಿಯೂ ಇಲ್ಲ. ದೀಪ ಹಚ್ಚುವ ಆಟ ಎಂದೇ ನಾನು ಅದನ್ನು ಮನೆಯೊಳಗೆ ಬಿಟ್ಟುಕೊಂಡಿದ್ದು. ಎಲ್ಲರೂ ಅದಕ್ಕೆ ‘ದೀಪದ ಗೇಮ್’ ಎನ್ನುತ್ತಿದ್ದರು.

ಆ ಮೂರು ಹೆಸರುಗಳ ಜಾಗವನ್ನು ನಾನು ರೈಲಿನ ಸೀಟು ಹಂಚಿದ ಹಾಗೆ ಹಂಚಿದ್ದೆ. ಮೂರನೆಯದು ಬಂದುಹೋಗುವವರಿಗೆ. ಎರಡನೆಯದು ಎರಡನೇ ಮಾಳಿಗೆಯ ಅಣ್ಣತಂಗಿಗೆ. ಮೊದಲನೆಯದು ಶಾರದಕ್ಕನದು.

ಶಾರದಕ್ಕ ಮೂರನೇ ಮಾಳಿಗೆಯವರು, ಉಡುಪಿ ಕಡೆಯ ವಿಧವೆ, ವಯಸ್ಸು ಐವತ್ತಾರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ಟೇಷನ್ ಪಕ್ಕದ ಹೋಟೆಲಿಗೆ ತೆಂಗಿನಕಾಯಿ ತುರಿದುಕೊಟ್ಟು ಬರುತ್ತಿದ್ದರು. ಮೊಮ್ಮಗನನ್ನು ಕರೆದೊಯ್ಯಲು ಒಂದು ದಿನ ಬಂದವರು ಬಾಗಿಲಲ್ಲೇ ನಿಂತು ಅರ್ಧ ಗಂಟೆ ಟೀವಿ ನೋಡಿದರು. ಮರುದಿನ ಒಬ್ಬರೇ ಬಂದರು.

“ಸಾವಿತ್ರೀ, ನನಗೂ ಸ್ವಲ್ಪ ಕೊಡು ಮಾರಾಯ್ತಿ. ದಿನಕ್ಕೆ ಐವತ್ತು ಕಾಯಿ ತುರಿಯುವ ಕೈ ಇದು. ಆ ಗುಂಡಿ ಒತ್ತುದು ಎಂತ ದೊಡ್ಡ ವಿಷಯ?”

ಮೊದಲ ವಾರ ಏಡಿಯೊಂದು ಕಚ್ಚಿ ಹನ್ನೊಂದು ಸಲ ಸತ್ತರು. ಮಕ್ಕಳು ನಕ್ಕವು. “ಅಜ್ಜೀ, ತಲವಾರ್ ಚಲಾವೊ, ಝಾಡೂ ನಹೀ!” ಎಂದು ಒಬ್ಬ ಕೂಗಿದ. ಪೊರಕೆ ಗುಡಿಸಿದ ಹಾಗೆ ಕತ್ತಿ ಬೀಸುತ್ತಿದ್ದರು, ಅದು ನಿಜ. ಆದರೆ ಎಂಟು ತಿಂಗಳಲ್ಲಿ ಅದೇ ಮಕ್ಕಳು ದಾರಿ ಕೇಳಲು ಅವರ ಹತ್ತಿರ ಬರುವಂತಾಯಿತು. ಕ್ಯಾಲೆಂಡರ್ ಹಾಳೆಯ ಹಿಂದೆ ರಂಗೋಲಿಯ ಚುಕ್ಕಿ ಇಟ್ಟು ಕೋಟೆಗಳ ನಕ್ಷೆ ಬರೆಯುತ್ತಿದ್ದರು. ಒಂದು ಕೋಣೆಗೆ ಒಂದು ಚುಕ್ಕಿ, ಬಾಗಿಲಿದ್ದ ಕಡೆ ಗೆರೆ. ಸೆಪ್ಟೆಂಬರ್ ಹೊತ್ತಿಗೆ ಏಳು ದೀಪ ಹಚ್ಚಿ ಮುಗಿದಿತ್ತು. ಉಳಿದದ್ದು ಒಂದೇ ಕೋಟೆ.

ಅವಸರವೂ ಇತ್ತು. ಅವರ ಮಗ ಡೊಂಬಿವಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದ. ದಸರಾ ಮುಗಿದ ಮೇಲೆ ಶಿಫ್ಟ್ ಎಂದು ನಿಶ್ಚಯವಾಗಿತ್ತು.

“ಅದರೊಳಗೆ ಮುಗಿಸ್ತೇನೆ,” ಎಂದಿದ್ದರು ಶಾರದಕ್ಕ. “ಅಲ್ಲಿ ಯಾರ ಮನೆಗೆ ಹೋಗಿ ನಾನು ಇದನ್ನೆಲ್ಲ ಕೇಳುದು? ನನ್ನ ಹೆಸರು ಮಾತ್ರ ಯಾರೂ ಮುಟ್ಟದ ಹಾಗೆ ನೋಡಿಕೊ, ಆಯ್ತಾ?”

“ದೇವರ ಮುಂದೆ ಹೇಳ್ತಿದೀನಿ ಶಾರದಕ್ಕ, ಯಾರೂ ಮುಟ್ಟಲ್ಲ,” ಎಂದೆ.

ಅದೇ ತಿಂಗಳು ದೀಪದ ಗೇಮಿನ ಪಾರ್ಟ್ ಟೂ ಬಂದಿದೆಯೆಂಬ ಸುದ್ದಿ ಹರಡಿತು. ಮಕ್ಕಳು ದಿನಾ ಕೇಳತೊಡಗಿದರು. ಎರಡು ಗಲ್ಲಿ ಆಚೆ ಇನ್ನೊಬ್ಬರ ಲೈಬ್ರರಿ ಇತ್ತು. ಅವರಿಗಿಂತ ಮೊದಲು ತರಬೇಕೆಂಬ ಜಂಬ ನನಗೂ ಹತ್ತಿತು. ದಸರಾ ಹತ್ತಿರ ಬಂದಿದ್ದಾಗ ಒಂದು ಮಂಗಳವಾರ ಬೆಳಿಗ್ಗೆ ಕುರ್ಲಾಕ್ಕೆ ಹೋದೆ. ಸ್ಟೇಷನ್ ಹೊರಗಿನ ಒಂದು ಅಂಗಡಿಯಲ್ಲಿ ನಾನು ಯಾವಾಗಲೂ ಕ್ಯಾಸೆಟ್ ಎಕ್ಸ್‌ಚೇಂಜ್ ಮಾಡಿಸುತ್ತಿದ್ದೆ. ಹಳೆಯದನ್ನು ಕೊಟ್ಟು, ಮೇಲೆ ಸ್ವಲ್ಪ ಸೇರಿಸಿ, ಹೊಸದು ತರುವುದು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದರಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದೂ ಅದೇ ವಿದ್ಯೆ ಎಂದುಕೊಂಡಿದ್ದೆ.

ಅಂಗಡಿಯ ಸೇಠ್ ಪಾರ್ಟ್ ಟೂ ಡಬ್ಬ ಎತ್ತಿ ತೋರಿಸಿದ. ಮೇಲೆ ಎಂಟು ದೀಪ ಜಗಜಗ ಉರಿಯುವ ಚಿತ್ರ. “ಏಕ್ ಹೀ ಪೀಸ್ ಹೈ ಭಾಭೀ. ಪಾರ್ಟ್ ಒನ್ ಕಾ ಬಾಪ್ ಹೈ!” ಉಳಿದದ್ದು ಅದೊಂದೇ, ಪಾರ್ಟ್ ಒನ್ನಿಗೇ ಅಪ್ಪನಂತೆ. ಆದರೆ ಬದಲಿಗೆ ಪಾರ್ಟ್ ಒನ್ ಅನ್ನೇ ಕೊಡಬೇಕು, ಬೇರೆ ಯಾವುದೂ ಬೇಡವೆಂದ. ಅದು ನನ್ನ ಚೀಲದಲ್ಲೇ ಇತ್ತು, ತೋರಿಸಿ ಚೌಕಾಶಿ ಮಾಡೋಣವೆಂದು ಒಯ್ದಿದ್ದೆ. “ಅದರಲ್ಲಿ ಒಬ್ಬರ ಹೆಸರಿದೆ, ಅದು ಇದರಲ್ಲಿ ಬರುತ್ತದೆಯೇ?” ಎಂದು ನನ್ನ ಮೈಸೂರು ಹಿಂದಿಯಲ್ಲಿ ಕೇಳಿದೆ.

“ಸಬ್ ಆಯೇಗಾ. ಜಹಾಂ ರುಕಾ, ವಹೀಂ ಸೇ ಚಾಲೂ,” ಎಂದ. ನಿಂತಲ್ಲಿಂದಲೇ ಶುರುವಾಗುತ್ತದಂತೆ.

ನಾನು ನಂಬಿದೆ. ಕಥೆಯ ಎರಡನೇ ಭಾಗ ಎಂದಮೇಲೆ ಮೊದಲ ಭಾಗದವರು ಅದರಲ್ಲಿ ಇರಲೇಬೇಕಲ್ಲ ಎಂಬುದು ನನ್ನ ಲೆಕ್ಕ. ಶಾರದಕ್ಕ ಎಂಟನೇ ದೀಪವನ್ನು ಹೊಸ ಕ್ಯಾಸೆಟ್ಟಿನಲ್ಲೇ ಹಚ್ಚಲಿ, ಆಶ್ಚರ್ಯಪಡಲಿ ಎಂದುಕೊಂಡೆ. ಹಳೇ ಸೀರೆ ಕೊಡುವಾಗಲೂ ಸೆರಗಿನಲ್ಲಿ ದುಡ್ಡಿನ ಗಂಟು ಉಳಿದಿದೆಯೇ ಎಂದು ಮುಟ್ಟಿ ನೋಡಿ ಕೊಡುತ್ತೇವೆ. ಅಷ್ಟೂ ಮಾಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹಾಲ್ ತುಂಬಿತ್ತು. ಡಬ್ಬಕ್ಕೆ ಕುಂಕುಮ ಹಚ್ಚಿ ಕ್ಯಾಸೆಟ್ ಹಾಕಿದೆ. ಮೊದಲ ಆಟ ಶಾರದಕ್ಕನಿಗೇ ಕೊಟ್ಟೆ.

ಹೆಸರುಗಳ ಪಟ್ಟಿಯೇ ಬರಲಿಲ್ಲ. ‘ಪಾಸ್‌ವರ್ಡ್’ ಎಂದು ಕೇಳಿ, ಇಪ್ಪತ್ತನಾಲ್ಕು ಖಾಲಿ ಮನೆಗಳನ್ನು ತೋರಿಸಿತು. ಇದರೊಳಗೆ ಬ್ಯಾಟರಿಯೇ ಇರಲಿಲ್ಲ. ಆಟ ನಿಲ್ಲಿಸುವಾಗ ಅದು ತೋರಿಸುವ ಇಪ್ಪತ್ತನಾಲ್ಕು ಅಕ್ಷರ ಬರೆದಿಟ್ಟುಕೊಳ್ಳಬೇಕು, ಮರುದಿನ ಮತ್ತೆ ತುಂಬಬೇಕು.

“ನನ್ನ ಹೆಸರು ಎಲ್ಲಿ?” ಎಂದರು ಶಾರದಕ್ಕ.

“ಬರುತ್ತೆ, ಆಡಿ ನೋಡಿ,” ಎಂದೆ.

ಆಡಿದರು. ಟೆರೇಸಿನಿಂದ ನೋಡುವ ದ್ವೀಪ ಇಲ್ಲ. ಬಲವೆಲ್ಲ ಹೋಗಿ ಮೊದಲ ದಿನದ ಹಾಗೆ ಬಡಕಲಾದ ಆ ಕತ್ತಿಯವನು, ಕಾಂಪೌಂಡ್ ಗೋಡೆಯ ಮೇಲೆ ನಡೆಯುವವನ ಹಾಗೆ ಎಡದಿಂದ ಬಲಕ್ಕೆ ಮಾತ್ರ ನಡೆಯುತ್ತಾನೆ. ಊರಿನ ಜನ ನಿಂತಲ್ಲೇ ನಿಂತು ಒಂದೇ ಮಾತನ್ನು ಹೇಳುತ್ತಾರೆ. ಮೂರು ಸಲ ಸತ್ತರೆ ಕೂಡಿಸಿದ ಬಲದಲ್ಲಿ ಅರ್ಧ ಕಿತ್ತುಕೊಂಡು ಶುರುವಿಗೆ ದಬ್ಬುತ್ತದೆ.

“ಇದೆಂತ, ಇವ ಏಡಿಯ ಹಾಗೆ ಅಡ್ಡ ಅಡ್ಡ ಹೋಗುದು?” ಎಂದರು ಶಾರದಕ್ಕ. ಎರಡನೇ ಮಾಳಿಗೆಯ ಹುಡುಗಿ, “ಆಂಟೀ, ಯೇ ಪಾರ್ಟ್ ಟೂ ನಹೀ, ಪಾರ್ಟ್ ಖತಮ್ ಹೈ,” ಎಂದು ಎದ್ದೇ ಹೋದಳು. ಮುಂದಿನ ತಿಂಗಳು ಮಕ್ಕಳು ಕೊನೆಯವರೆಗೂ ಆಡಿ ನೋಡಿದರು. ಡಬ್ಬದ ಮೇಲೆ ಎಂಟು ದೀಪ, ಒಳಗೆ ಹುಡುಕಿದರೂ ಒಂದಿಲ್ಲ! ಮೊದಲನೆಯದನ್ನು ಮಾಡಿದ ಕೈಗೆ ಜನ ಎಲ್ಲಿ ಬೇಕಾದರೂ ತಿರುಗಲಿ ಎಂಬ ಔದಾರ್ಯವಿತ್ತು. ಎರಡನೆಯದನ್ನು ಮಾಡಿದವರಿಗೆ ಆ ಹೆಸರು ಮಾರಾಟವಾದರೆ ಸಾಕಿತ್ತು. ದೇವಸ್ಥಾನದ ಹೆಸರು ಹೇಳಿ ಹಳಸಿದ ಪ್ರಸಾದ ಕೊಟ್ಟ ಹಾಗೆ.

ಆ ದಿನ ಶಾರದಕ್ಕ ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಹಳೆಯದು ಹಾಕು.”

ನಾನು ನಡೆದದ್ದನ್ನು ಹೇಳಿದೆ. ಸೇಠ್ ಮಾತು ಕೊಟ್ಟಿದ್ದ, ನಿಮಗೆ ಖುಷಿಯಾಗಲಿ ಎಂದು ತಂದೆ, ಎಂದೆಲ್ಲ ಸೇರಿಸಿದೆ.

“ಕೇಳಿದ್ದರೆ ನಾನು ಬೇಡ ಹೇಳ್ತಿದ್ದೆ. ಅದು ನಿನಗೆ ಗೊತ್ತುಂಟು. ಅದಕ್ಕೇ ನೀನು ಕೇಳ್ಲಿಲ್ಲ,” ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು. ಆ ದಿನ ಮತ್ತೆ ಇಳಿದು ಬರಲಿಲ್ಲ.

ಸಂಜೆ ನಮ್ಮವರು ಕೇಳಿ, “ಕೊಟ್ಬಿಟ್ಯಾ? ಹಳೇ ಸೀರೆ ಕೊಟ್ಟು ಪಾತ್ರೆ ತಗೊಂಡಂಗೆ?” ಎಂದರು. ದೀಪ ಹಚ್ಚುವಾಗ ಕೈ ಸುಟ್ಟುಕೊಂಡೆ.

ಮರುದಿನ ಅಂಗಡಿ ತೆರೆಯುವ ಮೊದಲೇ ನಾನು ಕುರ್ಲಾದಲ್ಲಿದ್ದೆ. ಸೇಠ್ ನಕ್ಕ. “ಭಾಭೀ, ಗೇಮ್ ಮೈನೇ ಥೋಡೀ ಬನಾಯಾ?”

“ಝೂಟ್ ತೋ ಆಪ್ನೇ ಬನಾಯಾ!” ಎಂದೆ. ಗೇಮ್ ಅವನು ಮಾಡದಿರಬಹುದು, ಸುಳ್ಳು ಅವನದೇ.

ಹಳೆಯ ಕ್ಯಾಸೆಟ್ ನಿನ್ನೆಯೇ ಹೋಯಿತೆಂದ. ಯಾರಿಗೆ ಎಂದರೆ ಹೇಳುವುದಿಲ್ಲವೆಂದ. ನಾನು ಗಿರಾಕಿಗಳ ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ಕುಳಿತೆ. ಚೀಲದಿಂದ ಜಪಮಣಿ ತೆಗೆದೆ. ನೂರೆಂಟು ಮುಗಿಯದೆ ಏಳುವುದಿಲ್ಲ, ಮುಗಿದರೆ ಮತ್ತೆ ಮೊದಲಿಂದ ಎಂದು ಹೇಳಿ, ಲಕ್ಷ್ಮೀನರಸಿಂಹನ ಹೆಸರನ್ನು ಸಾಕಷ್ಟು ಗಟ್ಟಿಯಾಗಿಯೇ ಶುರುಮಾಡಿದೆ. ಕೈಯಲ್ಲಿ ಮಣಿ, ಮನಸ್ಸಿನಲ್ಲಿ ಬೈಗುಳ. ದೇವರಿಗೆ ಎರಡೂ ಕೇಳಿಸಿರಬೇಕು. ಬಂದ ಇಬ್ಬರು ಗಿರಾಕಿಗಳು ನನ್ನನ್ನು ನೋಡಿ ಹಿಂದಿರುಗಿದರು. ನಲವತ್ತನೇ ಮಣಿಗೆ ಸೇಠ್ ಬಿಲ್ ಬುಕ್ ತೆಗೆದು ವಿಳಾಸ ಓದಿದ. ವಿಕ್ರೋಳಿ, ಕಂಪನಿ ಕಾಲನಿ, ಪಾಟೀಲ್.

ಕುರ್ಲಾದಿಂದ ಲೋಕಲ್ ಹತ್ತಿದೆ. ಕೂರಲು ಜಾಗ ಸಿಕ್ಕಿತು. ಆ ದಿನದ ಉಪಕಾರ ಅದೊಂದೇ. ಪಾಟೀಲ್‌ಬಾಯಿ ನನ್ನ ಹಾಗೆ ಮನೆಯಲ್ಲಿರುವ ಹೆಂಗಸು, ಒಳಗೆ ಕರೆದು ನೀರು ಕೊಟ್ಟರು. ಅವರ ಮಗಳು ಮನೀಷಾಗೆ ಹನ್ನೆರಡು ವರ್ಷ. ದೀಪದ ಗೇಮ್ ಟೀವಿಯಲ್ಲೇ ಇತ್ತು. ಪಟ್ಟಿಯಲ್ಲಿ ಮೊದಲ ಹೆಸರು ಮನೀಷಾ, ಎರಡನೆಯದು ಅವಳ ಅಪ್ಪನದು, ಮೂರನೆಯದು ಖಾಲಿ.

“ಶಾರದಾ ಎಂದು ಒಂದು ಹೆಸರಿತ್ತಲ್ಲ?” ಎಂದೆ.

“ಕೋಣ್ ಶಾರದಾ? ಮೀ ಪುಸೂನ್ ಟಾಕ್ಲಂ,” ಎಂದಳು ಮನೀಷಾ. ಒರೆಸಿಹಾಕಿದಳಂತೆ, ಅಷ್ಟೆ. ಸೆಕೆಂಡ್‌ಹ್ಯಾಂಡ್ ಟಿಫಿನ್ ಡಬ್ಬಿ ತಂದರೆ ತೊಳೆಯುವುದಿಲ್ಲವೆ? ಅವಳ ತಪ್ಪೇನೂ ಇರಲಿಲ್ಲ. ಸಿಟ್ಟು ಮಾಡಲು ಎದುರಿಗೆ ಯಾರೂ ಉಳಿಯದೆ, ನಾನು ಅವರ ಸೋಫಾದಲ್ಲಿ ಕುಳಿತು ಅತ್ತೆ. ಪಾಟೀಲ್‌ಬಾಯಿ ಎಲ್ಲ ಕೇಳಿ, ಮಗಳನ್ನು ಒಪ್ಪಿಸಿ, ಕ್ಯಾಸೆಟ್ಟನ್ನು ಎಂಟು ದಿನಕ್ಕೆ ನನ್ನ ಕೈಗಿಟ್ಟರು. ತನ್ನ ಮತ್ತು ಅಪ್ಪನ ಹೆಸರು ಮುಟ್ಟಬಾರದು, ಖಾಲಿ ಜಾಗದಲ್ಲಿ ಆ ಅಜ್ಜಿ ಬರೆದುಕೊಳ್ಳಲಿ, ತಾನು ಅಳಿಸುವುದಿಲ್ಲ ಎಂದಳು ಮನೀಷಾ.

ಮೂರನೇ ಮಾಳಿಗೆಗೆ ನಾನೇ ಹೋದೆ. ಅರ್ಧ ಸಾಮಾನು ಆಗಲೇ ಗೋಣಿಚೀಲದಲ್ಲಿತ್ತು. ನಡೆದದ್ದನ್ನು ಹೇಳಿದೆ, ಈ ಸಲ ಏನೂ ಸೇರಿಸಲಿಲ್ಲ. ಶಾರದಕ್ಕ ಒಂದು ಚೀಲದ ಬಾಯಿ ಕಟ್ಟಿ ಮುಗಿಸಿ, “ಮೂರು ಗಂಟೆಗೆ ಬರ್ತೇನೆ,” ಎಂದರು.

ಎಂಟು ಮಧ್ಯಾಹ್ನ ಬಂದರು. ಮುಕ್ಕಾಲು ಗಂಟೆಯ ಕಟ್ಟುಪಾಡನ್ನು ಅವರಿಗಾಗಿ ತೆಗೆದುಹಾಕಿದೆ. ಮಕ್ಕಳು ಚಕಾರವೆತ್ತದೆ ಸುತ್ತ ಕುಳಿತರು. ದಾರಿ ಗೊತ್ತಿತ್ತು, ಆದರೆ ಬಲ ಕೂಡಿಸಲು ದಿನ ಬೇಕು. ಅದನ್ನು ಯಾವ ನಕ್ಷೆಯೂ ಕೊಡುವುದಿಲ್ಲ. ಎಂಟನೆಯ ದಿನ ಐದನೇ ದೀಪ ಹತ್ತಿತು. ಅಷ್ಟರಲ್ಲಿ ಹೊರಗೆ ಟೆಂಪೊ ಹಾರ್ನ್ ಹಾಕಿತು. ಮಗ ಗೇಟಿನಿಂದಲೇ, “ಅಮ್ಮಾ, ಚಲ್ ನಾ, ಲೇಟ್ ಆಗ್ತದೆ!” ಎಂದು ಕೂಗಿದ.

ಶಾರದಕ್ಕ ಎದ್ದೇಳಲಿಲ್ಲ. ಹೆಸರುಗಳ ಪಟ್ಟಿಗೆ ಬಂದರು. “ಇದರಲ್ಲಿ ಅಳಿಸುದು ಹೇಗೆ?”

“ಬೇಡ ಶಾರದಕ್ಕ, ಇರಲಿ ಬಿಡಿ. ಆ ಹುಡುಗಿ ಅಳಿಸಲ್ಲ ಅಂತ ಮಾತು ಕೊಟ್ಟಿದಾಳೆ.”

“ಮಾತು ನೀನೂ ಕೊಟ್ಟಿದ್ದಿ.”

ನಾನು ಗುಂಡಿ ತೋರಿಸಿದೆ. ತಾವೇ ಒತ್ತಿದರು. ಮೂರನೆಯ ಜಾಗ ಖಾಲಿಯಾಯಿತು. “ಈ ಸಲ ನಾನೇ ಅಳಿಸಿ ಹೋಗ್ತೇನೆ. ಯಾರೂ ನನ್ನನ್ನು ಹುಡುಕಿಕೊಂಡು ಊರೂರು ತಿರುಗುದು ಬೇಡ,” ಎಂದು ಸೆರಗಿನಿಂದ ರಿಮೋಟ್ ಒರೆಸಿ ನನ್ನ ಕೈಗೆ ಕೊಟ್ಟು ಟೆಂಪೊ ಹತ್ತಿದರು.

ಮರುದಿನ ಕ್ಯಾಸೆಟ್ಟನ್ನು ಮನೀಷಾಗೆ ಮುಟ್ಟಿಸಿದೆ. ಆಮೇಲೆಯೂ ಆರು ವರ್ಷ ಲೈಬ್ರರಿ ನಡೆಸಿದೆ, ಬ್ಯಾಟರಿಯಿರುವ ಬೇರೆ ಕ್ಯಾಸೆಟ್‌ಗಳೂ ಬಂದವು. ಆಟದಲ್ಲಿ ಯಾರ ಹೆಸರಿದೆಯೋ ಅವರ ಸಹಿಯಿಲ್ಲದೆ ಒಂದು ಕ್ಯಾಸೆಟ್ಟೂ ನನ್ನ ಕಪಾಟಿನಿಂದ ಎಕ್ಸ್‌ಚೇಂಜಿಗೆ ಹೋಗಲಿಲ್ಲ. ನಾಲ್ಕು ವರ್ಷದ ಮಗುವಾದರೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಪಾಟು ನನ್ನದು, ಬೀಗ ನನ್ನದು, ಕ್ಯಾಸೆಟ್ ನನ್ನದು, ಒಳಗಿದ್ದ ಎಂಟು ತಿಂಗಳು ನನ್ನದಲ್ಲ. ಪಾರ್ಟ್ ಟೂ ಮಾಡಿದವರ ಮೇಲೆ, ಅದನ್ನು ಮಾರಿದವನ ಮೇಲೆ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಅವರಿಬ್ಬರಿಗೂ ಶಾರದಕ್ಕ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.